ಕಾಲು ಹಿಡಿದು ಗೆದ್ದವರು

ರಿಯೊ ಡಿ ಜನೈರೊ ಎಂದೊಡನೆ ಕಣ್ಣಿಗೆ ಬರುವುದು ಕೊಪಕಬಾನಾ ಕಡಲತೀರ, ಬೆಟ್ಟದ ಮೇಲೆ ಕೈಚಾಚಿ ನಿಂತ ಏಸು. ಅದು ಊರಿನ ದಕ್ಷಿಣ ಭಾಗ, ಉಳ್ಳವರ ಭಾಗ. ಸೆಂಟ್ರಲ್ ನಿಲ್ದಾಣದಲ್ಲಿ ಲೋಕಲ್ ರೈಲು ಹತ್ತಿ ಕಡಲಿಗೆ ಬೆನ್ನು ಹಾಕಿ ಹೊರಟರೆ ಬೆಂಟೊ ರಿಬೇರೊ ಎಂಬ ಬಡಾವಣೆ ಸಿಗುತ್ತದೆ. ದುಡಿದು ತಿನ್ನುವವರ ಜಾಗ. ಫುಟ್‌ಬಾಲ್ ನೋಡುವವರಿಗೆ ಅದು 2002ರ ವಿಶ್ವಕಪ್ ಫೈನಲ್‌ನಲ್ಲಿ ಎರಡು ಗೋಲು ಹೊಡೆದ ರೊನಾಲ್ಡೊ ಬೆಳೆದ ಕೇರಿ. ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಯುವವರಲ್ಲಿ ಕೆಲವರಿಗೆ ಮಾತ್ರ ಅದು ಇನ್ನೊಬ್ಬರ ಊರು ಎಂದು ಗೊತ್ತು. ಆ ಇನ್ನೊಬ್ಬರು ಓಸ್ವಾಲ್ಡೊ ಫಡ್ಡಾ. ಈ ಕಲೆಯ ಬಗ್ಗೆ ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದವರು ಇವರೇ.

ಮೊದಲು ಆಟದ ಪರಿಚಯ. ನಮ್ಮ ಗರಡಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಪೈಲ್ವಾನ ಚಿತ್, ಕುಸ್ತಿ ಮುಗಿಯಿತು. ಜಿಯು-ಜಿತ್ಸುವಿನ ಅರ್ಧ ಆಟ ಶುರುವಾಗುವುದೇ ಅಲ್ಲಿಂದ. ಅಂಗಾತ ಬಿದ್ದವನು ಎರಡೂ ಕಾಲುಗಳಿಂದ ಮೇಲಿನವನ ಸೊಂಟ ಸುತ್ತಿ ಹಿಡಿಯುತ್ತಾನೆ. ಅದಕ್ಕೆ ‘ಗಾರ್ಡ್’ ಎನ್ನುತ್ತಾರೆ. ಆ ಸ್ಥಿತಿಯಿಂದಲೇ ಮೊಣಕೈ ಮುರಿಯುವಂತೆ ತೋಳೆಳೆಯುವ, ಅಂಗಿಯ ಕೊರಳಪಟ್ಟಿಯಿಂದಲೇ ಕುತ್ತಿಗೆ ಬಿಗಿಯುವ, ಮೇಲಿದ್ದವನನ್ನು ಮಗುಚಿ ಹಾಕುವ ಪಟ್ಟುಗಳು ಹೊರಡುತ್ತವೆ. ಗುದ್ದಿಲ್ಲ, ಒದೆತವಿಲ್ಲ. ಇನ್ನು ತಡೆಯಲಾರೆ ಅನ್ನಿಸಿದಾಗ ಎದುರಾಳಿಯ ಮೈಯನ್ನೋ ನೆಲದ ಮ್ಯಾಟನ್ನೋ ತಟ್ಟಿದರೆ ಸಾಕು, ಆ ಕ್ಷಣವೇ ಬಿಡಬೇಕು. ಈ ‘ಟ್ಯಾಪ್’ ಇರುವುದರಿಂದಲೇ ನಲವತ್ತು ದಾಟಿದ ಬ್ಯಾಂಕ್ ನೌಕರರೂ ಕಾಲೇಜು ಹುಡುಗಿಯರೂ ವಾರಕ್ಕೆ ಮೂರು ಸಂಜೆ ಪೂರ್ತಿ ಬಲ ಹಾಕಿ ಸೆಣಸಿ, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಬಲ್ಲರು.

ಇತಿಹಾಸವನ್ನು ಎಲ್ಲ ಕಡೆ ಒಂದೇ ಧಾಟಿಯಲ್ಲಿ ಹೇಳುತ್ತಾರೆ. ಜಪಾನಿನ ಜೂಡೊ ಪಟು ಮಿತ್ಸುಯೊ ಮಯೆದಾ 1914ರಲ್ಲಿ ಬ್ರೆಜಿಲ್‌ಗೆ ಬಂದರು, ಸವಾಲಿನ ಕಾಳಗಗಳನ್ನು ಆಡುತ್ತಾ ತಿರುಗಿ ಅಮೆಜಾನ್ ಸೀಮೆಯ ಬೆಲೆಂ ನಗರದಲ್ಲಿ ನೆಲೆ ನಿಂತರು. ಅಲ್ಲಿನ ಗ್ರೇಸಿ ಮನೆತನದ ಕಾರ್ಲೋಸ್, ಮಯೆದಾ ಅವರಿಂದ ಕಲಿತು, 1925ರಲ್ಲಿ ರಿಯೊದಲ್ಲಿ ಶಾಲೆ ತೆರೆದರು. ತಮ್ಮ ಹೆಲಿಯೊ ವಿದ್ಯೆಯನ್ನು ನೆಲದಾಟದ ಕಡೆಗೆ ತಿದ್ದಿದರು. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ, ಬೇರೆ ಬೇರೆ ಶೈಲಿಯವರು ಸೆಣಸುವ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ಹೆಲಿಯೊ ಮಗ ರಾಯ್ಸ್ ತನಗಿಂತ ಮೈತೂಕ ಹೆಚ್ಚಿದ್ದವರನ್ನು ಒಬ್ಬೊಬ್ಬರಾಗಿ ಮಣಿಸಿದ್ದೇ ತಡ, ಜಗತ್ತೇ ಇತ್ತ ತಿರುಗಿತು.

ಈ ಕಥೆಯಲ್ಲಿ ಬಿಟ್ಟುಹೋಗುವ ಪುಟ ಫಡ್ಡಾ ಅವರದು. ಹುಟ್ಟಿದ್ದು 1921ರಲ್ಲಿ. ನೌಕಾಪಡೆಯ ಮರೀನ್ ದಳದಲ್ಲಿದ್ದ ಹುಡುಗನಿಗೆ ಹದಿಹರೆಯದಲ್ಲೇ ಲೂಯಿಸ್ ಫ್ರಾನ್ಸಾ ಎಂಬ ಗುರು ಸಿಕ್ಕರು. ಫ್ರಾನ್ಸಾ ಕೂಡ ಮಯೆದಾ ಶಿಷ್ಯರೇ ಎಂಬುದು ಪರಂಪರೆಯ ಮಾತು. ಗ್ರೇಸಿಗಳ ಹಂಗಿಲ್ಲದೆ ಬೆಳೆದ ಇನ್ನೊಂದು ಕವಲು ಇದು. 1950ರಲ್ಲಿ ಫಡ್ಡಾ ತಮ್ಮ ಬೆಂಟೊ ರಿಬೇರೊದಲ್ಲೇ ಶಾಲೆ ತೆರೆದರು.

ಆಗ ಜಿಯು-ಜಿತ್ಸು ದುಡ್ಡಿನವರ ವಿದ್ಯೆ. ರಿಯೊ ನಡುಪೇಟೆಯ ಬಹುಮಹಡಿ ಕಟ್ಟಡದಲ್ಲಿದ್ದ ಗ್ರೇಸಿ ಅಕಾಡೆಮಿಯಲ್ಲಿ ಒಬ್ಬೊಬ್ಬರಿಗೇ ಪ್ರತ್ಯೇಕ ಪಾಠ ನಡೆಯುತ್ತಿತ್ತು. ಕಲಿಯುವವರಲ್ಲಿ ರಾಜಕಾರಣಿಗಳು, ವ್ಯಾಪಾರಸ್ಥರು ಇದ್ದರು. ಫಡ್ಡಾ ಕಲಿಸಿದ್ದು ಉಪನಗರದ ಮಕ್ಕಳಿಗೆ. ಫೀಸು ಕೊಡಲಾಗದವರಿಂದ ಕೇಳಲಿಲ್ಲ. ಕಡಲ ಮರಳಿನಲ್ಲಿ, ಊರ ಚೌಕಗಳಲ್ಲಿ ಪ್ರದರ್ಶನ ಕೊಟ್ಟು ಜನ ಸೇರಿಸಿದರು. ಪೋಲಿಯೊದಿಂದ ಕಾಲು ಸೋತವರನ್ನೂ ದೃಷ್ಟಿ ಇಲ್ಲದವರನ್ನೂ ಮ್ಯಾಟಿನ ಮೇಲೆ ಕರೆತಂದರು ಎಂದು ಅವರನ್ನು ಬಲ್ಲವರು ನೆನೆಯುತ್ತಾರೆ. ಪತ್ರಿಕೆಗಳ ಕ್ರೀಡಾಪುಟ ಅವರ ಕಡೆ ತಿರುಗಿ ನೋಡದಿದ್ದಾಗ ಜಾಹೀರಾತನ್ನು ಬೇರೆ ಪುಟದಲ್ಲಿ ಹಾಕಿಸಿದರಂತೆ.

1950ರ ದಶಕದಲ್ಲಿ ಅವರು ಪತ್ರಿಕೆಯ ಮೂಲಕವೇ ಗ್ರೇಸಿಗಳಿಗೆ ಸವಾಲು ಹಾಕಿದರು. ಬೈಗುಳವಿಲ್ಲ, ಅಬ್ಬರವಿಲ್ಲ: ನಿಮ್ಮ ಮೇಲೆ ಗೌರವವಿದೆ, ಭಯವಿಲ್ಲ, ನಮ್ಮ ಹುಡುಗರು ಸಿದ್ಧರಿದ್ದಾರೆ ಎನ್ನುವ ಅರ್ಥದ ಮಾತು. ಹೆಲಿಯೊ ಒಪ್ಪಿದರು. ಎರಡೂ ಶಾಲೆಯ ಶಿಷ್ಯರು ಗ್ರೇಸಿಗಳ ಅಂಗಳದಲ್ಲೇ ಸೆಣಸಿದರು. ಹೆಚ್ಚಿನ ಪಂದ್ಯ ಗೆದ್ದದ್ದು ಬೆಂಟೊ ರಿಬೇರೊ.

ಗೆಲ್ಲಿಸಿದ್ದು ಕಾಲಿನ ಪಟ್ಟು. ಎದುರಾಳಿಯ ಪಾದವನ್ನು ಕಂಕುಳಲ್ಲಿ ಅವುಚಿಕೊಂಡು, ಮುಂಗೈ ಎಲುಬನ್ನು ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಒತ್ತಿ, ಸೊಂಟವನ್ನು ಮುಂದಕ್ಕೆ ದೂಡುತ್ತಾ ಹಿಂದಕ್ಕೆ ಬಾಗಬೇಕು. ತೋಳ್ಬಲದ ಕೆಲಸವಲ್ಲ, ಇಡೀ ಬೆನ್ನಿನ ಬಲ ಒಂದು ಕೀಲಿನ ಮೇಲೆ ಬೀಳುತ್ತದೆ. ಹಿಡಿತ ಎರಡು ಬೆರಳಿನಷ್ಟು ಮೇಲೆ ಜಾರಿದರೆ ಮೀನಖಂಡಕ್ಕೆ ನೋವಾಗುತ್ತದಷ್ಟೆ. ಕೆಳಗೆ ಜಾರಿದರೆ ಪಾದವೇ ನುಣುಚಿಕೊಳ್ಳುತ್ತದೆ. ಕುತ್ತಿಗೆ, ತೋಳುಗಳ ಮೇಲೆ ಗಮನವಿಟ್ಟು ಬೆಳೆದ ಗ್ರೇಸಿ ಶಿಷ್ಯರು ಕಾಲನ್ನು ಕಾಯ್ದುಕೊಳ್ಳುವುದನ್ನು ಅಷ್ಟಾಗಿ ಕಲಿತಿರಲಿಲ್ಲ. ಸೋತ ಪಾಳೆಯ ಇದನ್ನು ‘ಉಪನಗರದವರ ತಂತ್ರ’ ಎಂದು ಮೂಗು ಮುರಿಯಿತು. ಇಂದು ವಯಸ್ಕರ ಸ್ಪರ್ಧೆಗಳಲ್ಲಿ ಹೊಸಬರಾದ ಬಿಳಿ ಬೆಲ್ಟಿನವರಿಗೂ ಅನುಮತಿ ಇರುವ ಕಾಲಿನ ಪಟ್ಟು ಇದೇ. ಹಿಮ್ಮಡಿ ತಿರುಚುವ ‘ಹೀಲ್ ಹುಕ್’ ಅನ್ನೂ 2021ರಿಂದ ಮೇಲಿನ ಹಂತದ ಕಂದು, ಕಪ್ಪು ಬೆಲ್ಟಿನವರಿಗೆ, ಜಾಕೆಟ್ ತೊಡದೆ ಆಡುವ ಪಂದ್ಯಗಳಲ್ಲಿ ಒಪ್ಪಲಾಗಿದೆ. ಆಟವೇ ಫಡ್ಡಾ ಕಡೆಗೆ ನಡೆದು ಬಂದಿದೆ.

ಇನ್ನು ಮಾಮೂಲಿ ಕಲಿಯುವವರ ದಾರಿ. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು: ವಯಸ್ಕರಿಗೆ ಕಪ್ಪಿನವರೆಗೆ ಬೆಲ್ಟುಗಳು ಐದೇ. 1994ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಫೆಡರೇಶನ್ ಐಬಿಜೆಜೆಎಫ್‌ನ ಲೆಕ್ಕದಲ್ಲಿ ವಯಸ್ಕರು ನೀಲಿಯಲ್ಲಿ ಕನಿಷ್ಠ 2 ವರ್ಷ, ನೇರಳೆಯಲ್ಲಿ ಒಂದೂವರೆ, ಕಂದಿನಲ್ಲಿ 1 ವರ್ಷ ಕಳೆಯಬೇಕು. ಬಿಳಿಗೆ ಕಾಲಮಿತಿ ಇಲ್ಲ. ಕಾಗದದ ಮೇಲಿನ ಲೆಕ್ಕ ಇದು. ಕಚೇರಿ, ಮನೆ, ಮಕ್ಕಳ ನಡುವೆ ಬಿಡುವು ಮಾಡಿಕೊಂಡು ಬರುವವರಿಗೆ ಕಪ್ಪು ಬೆಲ್ಟು ಸಿಗಲು ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ಬಹುತೇಕ ಶಾಲೆಗಳಲ್ಲಿ ಪರೀಕ್ಷೆಯೂ ಇಲ್ಲ. ಬೆಲ್ಟಿನ ತುದಿಗೆ ಸುತ್ತುವ ನಾಲ್ಕು ಬಿಳಿ ಪಟ್ಟಿಗಳು ನಡುವಿನ ಮೈಲಿಗಲ್ಲು. ಉಳಿದದ್ದೆಲ್ಲ ಗುರುವಿನ ಕಣ್ಣಿಗೆ ಬಿಟ್ಟದ್ದು.

ಒಂದು ಸಂಜೆಯ ತರಗತಿ ಹೀಗೆ: ಮೈ ಬಿಸಿ ಮಾಡಿಕೊಳ್ಳುವುದು, ಬೆನ್ನ ಮೇಲೆ ಮಲಗಿ ಸೊಂಟ ಸರಿಸುತ್ತಾ ಹಾಲ್ ದಾಟುವುದು, ಒಂದೆರಡು ಪಟ್ಟನ್ನು ಜೋಡಿಯಾಗಿ ಮತ್ತೆ ಮತ್ತೆ ಮಾಡುವುದು, ಕೊನೆಗೆ ಐದಾರು ನಿಮಿಷಗಳ ಸುತ್ತುಗಳಲ್ಲಿ ನಿಜವಾಗಿ ಸೆಣಸುವುದು. ಈ ‘ರೋಲಿಂಗ್’ನಲ್ಲಿ ಹೊಸಬ ತಿಂಗಳುಗಟ್ಟಲೆ ಸೋಲುತ್ತಾನೆ. ಮೊದಲ ಪ್ರಗತಿ ಗೆಲುವಲ್ಲ. ನಿನ್ನೆ ಒಂದು ನಿಮಿಷದಲ್ಲಿ ಟ್ಯಾಪ್ ಮಾಡಿದವನು ಇಂದು ಮೂರು ನಿಮಿಷ ಉಳಿದುಕೊಳ್ಳುವುದು. ಬಲಪ್ರಯೋಗ ಕಡಿಮೆಯಾಗುತ್ತದೆ, ಉಸಿರು ಹತೋಟಿಗೆ ಬರುತ್ತದೆ. ಬೆರಳ ಗೆಣ್ಣುಗಳು ಊದುತ್ತವೆ, ಮೊಣಕಾಲು ತಕರಾರು ಎತ್ತುತ್ತದೆ, ಉಜ್ಜಾಟಕ್ಕೆ ಕಿವಿ ಗಂಟುಕಟ್ಟುತ್ತದೆ. ನೀಲಿ ಬೆಲ್ಟು ಕಟ್ಟಿದ ಮೇಲೆ ಬರುವುದನ್ನೇ ಬಿಡುವವರು ಬಹಳ ಎಂದು ಈ ಲೋಕದವರೆಲ್ಲ ಹೇಳುತ್ತಾರೆ. ಹೊಸತನ ಕಳೆದಿರುತ್ತದೆ, ಮುಂದಿನ ಬಣ್ಣ ಇನ್ನೂ ಕಣ್ಣಳತೆಯಲ್ಲಿರುವುದಿಲ್ಲ.

ಕಪ್ಪಿನಾಚೆಗೂ ಮೆಟ್ಟಿಲುಗಳಿವೆ. ಒಂಬತ್ತನೆಯದು ಕೆಂಪು ಬೆಲ್ಟು. ಕಪ್ಪು ಕಟ್ಟಿದ ಮೇಲೆ ಅಲ್ಲಿಗೆ ಕನಿಷ್ಠ 48 ವರ್ಷ. ಕಪ್ಪು ಸಿಗುವುದೇ 19 ತುಂಬಿದ ಮೇಲೆ ಆದ್ದರಿಂದ 67ಕ್ಕೆ ಮೊದಲು ಯಾರೂ ಕೆಂಪು ಮುಟ್ಟುವಂತಿಲ್ಲ. ಗೆದ್ದ ಪದಕಗಳಿಂದ ಸಿಗುವ ಬಣ್ಣವಲ್ಲ ಅದು. ಬಿಡದೆ ಕಲಿಸಿದ ಆಯುಸ್ಸಿಗೆ ಸಿಗುವುದು. ಫಡ್ಡಾ ಅಲ್ಲಿಯವರೆಗೂ ಬಂದರು. 2005ರಲ್ಲಿ, 84ರ ವಯಸ್ಸಿನಲ್ಲಿ ತೀರಿಕೊಂಡಾಗ ಗ್ರೇಸಿ ಕವಲಿನ ಹೊರಗಿದ್ದು ಕೆಂಪು ಬೆಲ್ಟು ಪಡೆದ ವಿರಳರಲ್ಲಿ ಅವರೊಬ್ಬರು.

ಅವರ ಕವಲು ಬತ್ತಿಲ್ಲ. ಫಡ್ಡಾ ಪರಂಪರೆಯ ವೆಂಡೆಲ್ ಅಲೆಕ್ಸಾಂಡರ್ ಮತ್ತು ಗ್ರೇಸಿ ಕಡೆಯ ಆಂದ್ರೆ ಪೆಡರ್ನೇಯ್ರಸ್ ಸೇರಿ 1995ರಲ್ಲಿ ಕಟ್ಟಿದ ‘ನೋವಾ ಉನಿಯಾವೊ’ ರಿಯೊದ ದೊಡ್ಡ ತಂಡಗಳಲ್ಲೊಂದು. ಯುಎಫ್‌ಸಿ ಮಾಜಿ ಚಾಂಪಿಯನ್ ಜೋಸೆ ಆಲ್ಡೊ ಪಳಗಿದ್ದು ಅಲ್ಲಿ. ಕವಲು ಬೇರೆಯಾದರೂ, ರಿಯೊದ ಕಾಂಟಗಾಲೊ ಗುಡ್ಡದ ಕೊಳೆಗೇರಿಯಲ್ಲಿ ಬೆಳೆದು ವಿಶ್ವ ಚಾಂಪಿಯನ್ ಆದ ಫೆರ್ನಾಂಡೊ ತೆರೆರೆ ಅದೇ ಗುಡ್ಡದ ಮಕ್ಕಳಿಗೆ ಕಲಿಸಲು ಮರಳಿದವರು. ಬಡವರ ಕೇರಿಯಲ್ಲಿ ಮ್ಯಾಟ್ ಹಾಸುವ ಅಭ್ಯಾಸ ನಿಂತಿಲ್ಲ ಎಂಬುದಷ್ಟೇ ಸಮಾಧಾನ.

ಆದರೆ ಆಟದ ಹಣ ಬೇರೆ ದಿಕ್ಕಿಗೆ ಹರಿದಿದೆ. 1996ರಲ್ಲಿ ರಿಯೊದಲ್ಲೇ ಶುರುವಾದ ವಿಶ್ವ ಚಾಂಪಿಯನ್‌ಶಿಪ್ 2007ರಿಂದ ಕ್ಯಾಲಿಫೋರ್ನಿಯಾದ ಪಾಲಾಯಿತು. ಅಲ್ಲಿ ಆಡಬೇಕಾದರೆ ರಿಯೊ ಉಪನಗರದ ಹುಡುಗನಿಗೆ ಈಗ ವೀಸಾ, ವಿಮಾನದ ಟಿಕೆಟ್, ಡಾಲರ್‌ನಲ್ಲಿ ಪ್ರವೇಶಶುಲ್ಕ ಎಲ್ಲವೂ ಬೇಕು. ಇತ್ತ ಬೆಂಗಳೂರಿನಂಥ ನಗರಗಳಿಗೂ ಈ ವಿದ್ಯೆ ಬಂದಿದೆ; ಇಲ್ಲೂ ಬರುತ್ತಿರುವುದು ಹೆಚ್ಚಾಗಿ ತಿಂಗಳ ಫೀಸು, ದಪ್ಪ ಬಟ್ಟೆಯ ಕಿಮೋನೊ ಎರಡನ್ನೂ ಭರಿಸಬಲ್ಲವರು. ಮಯೆದಾ, ಕಾರ್ಲೋಸ್, ಹೆಲಿಯೊ ಚಿತ್ರಗಳು ಜಗತ್ತಿನ ಎಷ್ಟೋ ಶಾಲೆಗಳ ಗೋಡೆ ಮೇಲಿವೆ. ಅವರಿಗೆ ಆ ಜಾಗ ಸಲ್ಲಬೇಕಾದ್ದೇ. ಅವರ ಪಕ್ಕದಲ್ಲಿ ಫಡ್ಡಾ ಅವರದೂ ಒಂದು ಇದ್ದಿದ್ದರೆ, ಫೀಸು ಎಷ್ಟೆಂದು ಬಾಗಿಲಲ್ಲೇ ವಿಚಾರಿಸಿ ಹಿಂದಿರುಗುವ ಹುಡುಗನನ್ನು ಒಳಗೆ ಕರೆಯಬೇಕೆಂದು ಯಾರಿಗಾದರೂ ಅನ್ನಿಸುತ್ತಿತ್ತೇನೋ.