ಕೊರತೆ ಇರುವುದು ಎಡಗಡೆಯ ಸೀಟಿನಲ್ಲಿ

2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾದಾಗ ನಮ್ಮ ಪುಣೆ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ಬಗೆಯ ಮಾತು ಓಡಾಡುತ್ತಿದ್ದವು. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಸೀಟು ಉಳಿದಿದೆಯೇ ಎಂಬುದು ಮೊದಲನೆಯದು. ‘ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವ ಪೈಲಟ್‌ಗಳಿಗೆ ಇನ್ನೂ ಎಷ್ಟು ವಿಶ್ರಾಂತಿ ಬೇಕಂತೆ?’ ಎಂಬ ಕೊಂಕು ಎರಡನೆಯದು. ಕೊಂಕು ಆಡಿದವರಲ್ಲಿ ಹೆಚ್ಚಿನವರು ನನ್ನಂತೆಯೇ ಐಟಿಯವರು. ಶುಕ್ರವಾರ ರಾತ್ರಿ ರಿಲೀಸ್ ಇದ್ದರೆ ಸೋಮವಾರ ಕಾಂಪ್ ಆಫ್ ಕೇಳುವವರು.

ಎಂ.ಟೆಕ್ ಮುಗಿಸಿ ನಾನು ಪುಣೆಗೆ ಬಂದು ಒಂಬತ್ತು ವರ್ಷ. ವಿಮಾನ ಸಿಬ್ಬಂದಿಯ ರೋಸ್ಟರ್ ತಯಾರಿಸುವ ತಂತ್ರಾಂಶ ಬರೆಯುವುದು ನನ್ನ ಕೆಲಸ. (ಇಲ್ಲಿ ಹೆಸರಿಸುವ ಸಂಸ್ಥೆಗಳಲ್ಲಿ ಒಂದೂ ನಮ್ಮ ಗ್ರಾಹಕರಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.) ಯಾವ ಪೈಲಟ್ ಯಾವ ದಿನ ಯಾವ ವಿಮಾನ ಹಾರಿಸಬೇಕು, ರಾತ್ರಿ ಎಲ್ಲಿ ತಂಗಬೇಕು, ಎಷ್ಟನೇ ದಿನ ಮನೆಗೆ ಮರಳಬೇಕು ಎಂಬುದೆಲ್ಲ ಗಣಿತದ ದೊಡ್ಡ ಒಗಟು. ಈ ಒಗಟಿನೊಳಗೆ ಎರಡು ಪದರ ನಿಯಮಗಳಿರುತ್ತವೆ. ಒಂದು ಕಾನೂನು: ಇಷ್ಟು ಗಂಟೆ ಮೀರಿ ಹಾರಿಸುವಂತಿಲ್ಲ, ಇಷ್ಟು ಗಂಟೆ ವಿಶ್ರಾಂತಿ ಕೊಡಲೇಬೇಕು. ಇನ್ನೊಂದು, ಪೈಲಟ್ ಸಂಘ ಮತ್ತು ಆಡಳಿತ ಎದುರುಬದುರು ಕೂತು ಸಹಿ ಹಾಕಿದ ಒಪ್ಪಂದ.

ಅಮೆರಿಕದ ದೊಡ್ಡ ಸಂಸ್ಥೆಗಳಲ್ಲಿ ಈ ಒಪ್ಪಂದ ನೂರಾರು ಪುಟದ್ದು. ಮೀಸಲು ಪಾಳಿಯಲ್ಲಿರುವವನಿಗೆ ಎಷ್ಟು ಹೊತ್ತು ಮುಂಚೆ ಕರೆ ಮಾಡಬೇಕು, ಇನ್ನೊಂದು ಊರಿಂದ ವಿಮಾನ ಹಾರಿಸಲು ಪ್ರಯಾಣಿಕನಾಗಿ ಅಲ್ಲಿಗೆ ಹೋಗಬೇಕಾದರೆ ಆ ಹೊತ್ತಿಗೆ ಸಂಬಳ ಎಷ್ಟು, ರಜೆಯ ದಿನ ಕರೆದರೆ ಎಷ್ಟು ಪಟ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಒಂದೊಂದು ಸಾಲೂ ಪ್ರೋಗ್ರಾಮಿನಲ್ಲಿ ಒಂದು ಷರತ್ತಾಗಿ ಕೂರುತ್ತದೆ. ನಮ್ಮ ದೇಶದಲ್ಲಿ ದಪ್ಪವಿರುವುದು ಮೊದಲ ಪದರ ಮಾತ್ರ. ಎರಡನೆಯದರಲ್ಲಿ ಬಹುಪಾಲು ಸಂಸ್ಥೆ ತಾನೇ ಬರೆದುಕೊಂಡ ನೀತಿಗಳು. ಇಂದು ಬರೆದದ್ದನ್ನು ನಾಳೆ ಅಳಿಸಬಹುದು.

ಈ ವ್ಯತ್ಯಾಸ ಎದ್ದು ಕಾಣುವುದು ಪೈಲಟ್‌ಗಳ ಕೊರತೆಯಾದಾಗ. ಕೊರತೆ ಎಂಬ ಪದವೇ ಸ್ವಲ್ಪ ಮೋಸದ್ದು. ನಮ್ಮ ಸೊಸೈಟಿಯಲ್ಲಿ ಹಾವೇರಿ ಕಡೆಯ ಹುಡುಗನೊಬ್ಬನಿದ್ದಾನೆ, ಒಂದು ವಿಮಾನ ಸಂಸ್ಥೆಯಲ್ಲಿ ಫಸ್ಟ್ ಆಫೀಸರ್. ಲೈಸೆನ್ಸ್ ಕೈಗೆ ಬಂದ ಮೇಲೂ ಎರಡು ವರ್ಷ ಕೆಲಸವಿಲ್ಲದೆ ಕೂತಿದ್ದವನು. ‘ಪೇಪರ್‌ದಾಗ ಪೈಲಟ್ ಕೊರತಿ ಅಂತ ಬರೀತಿದ್ರು ಅಣ್ಣಾ. ನಮ್ಮಪ್ಪ ಅದನ್ನ ಓದಿ ನನ್ನ ಮಾರಿ ನೋಡ್ತಿದ್ರು’ ಎನ್ನುತ್ತಾನೆ. ನಮ್ಮಲ್ಲಿ 200 ಗಂಟೆ ಹಾರಿಸಿದರೆ ಕಮರ್ಷಿಯಲ್ ಲೈಸೆನ್ಸ್ ಸಿಗುತ್ತದೆ. ಅಂಥವರು ಬೇಕಾದಷ್ಟಿದ್ದಾರೆ, ಸಾಲ ಮಾಡಿ ಕಲಿತವರೂ ಇದ್ದಾರೆ. ಕೊರತೆ ಇರುವುದು ಕಾಕ್‌ಪಿಟ್‌ನ ಎಡಗಡೆಯ ಸೀಟಿನಲ್ಲಿ, ಅಂದರೆ ಕ್ಯಾಪ್ಟನ್ ಕೂರುವ ಜಾಗದಲ್ಲಿ. ಆ ಸೀಟಿಗೆ ಬೇಕಾದ ಲೈಸೆನ್ಸ್‌ಗೆ ಕನಿಷ್ಠ 1,500 ಗಂಟೆ ಹಾರಾಟ ಬೇಕು, ಅದರ ಮೇಲೆ ವರ್ಷಗಳ ಅನುಭವ, ತರಬೇತಿ, ಪರೀಕ್ಷೆ. ಜಾಹೀರಾತು ಕೊಟ್ಟು ಮುಂದಿನ ತಿಂಗಳು ತುಂಬಿಕೊಳ್ಳುವ ಹುದ್ದೆ ಅಲ್ಲ ಅದು.

ಅಮೆರಿಕದಲ್ಲಿ 1,500 ಗಂಟೆ ಬಲಗಡೆಯ ಸೀಟಿಗೂ ಬೇಕು. 2009ರ ಫೆಬ್ರುವರಿ 12ರಂದು ಬಫಲೊ ನಗರದ ಬಳಿ ಕೋಲ್ಗನ್ ಏರ್‌ನ ವಿಮಾನ ಬಿದ್ದು 50 ಜನ ಸತ್ತರು. ಅದರ ಸಹ ಪೈಲಟ್ ಹಿಂದಿನ ರಾತ್ರಿಯೆಲ್ಲ ದೇಶದ ಇನ್ನೊಂದು ತುದಿಯಿಂದ ಪ್ರಯಾಣಿಸಿ ಡ್ಯೂಟಿಗೆ ಬಂದಿದ್ದರು. ಆ ದುರಂತದ ನಂತರ ಬಂದ ಕಾನೂನಿನಿಂದ 2013ರಲ್ಲಿ ಈ ನಿಯಮ ಜಾರಿಯಾಯಿತು. ಮುಂದೆ ಕೋವಿಡ್ ಬಂತು. ಹಾರಾಟ ನಿಂತಾಗ ಖರ್ಚು ಉಳಿಸಲು ಸಂಸ್ಥೆಗಳು ಹಿರಿಯರಿಗೆ ಸ್ವಯಂನಿವೃತ್ತಿ ಕೊಟ್ಟವು. ಡೆಲ್ಟಾ ಒಂದರಲ್ಲೇ ಸುಮಾರು 1,800 ಪೈಲಟ್‌ಗಳು ಹೊರಟುಹೋದರು. ಮರುವರ್ಷ ಪ್ರಯಾಣಿಕರು ವಾಪಸ್ ಬಂದರು, ಹೋದ ಕ್ಯಾಪ್ಟನ್‌ಗಳು ಬರಲಿಲ್ಲ. 2022ರ ಮಾರ್ಚ್‌ನಲ್ಲಿ ಸ್ಕೈವೆಸ್ಟ್ ಎಂಬ ಪ್ರಾದೇಶಿಕ ಸಂಸ್ಥೆ ಪೈಲಟ್ ಇಲ್ಲವೆಂದು 29 ಸಣ್ಣ ಊರುಗಳ ಸೇವೆ ನಿಲ್ಲಿಸಲು ಅರ್ಜಿ ಹಾಕಿತು.

ತಮಾಷೆಯೆಂದರೆ, ಪೈಲಟ್‌ಗಳ ದೊಡ್ಡ ಸಂಘ ಆಲ್ಪಾ ಆಗ ‘ಕೊರತೆಯೇ ಇಲ್ಲ’ ಎಂದು ವಾದಿಸುತ್ತಿತ್ತು. ಕೊರತೆ ಒಪ್ಪಿಕೊಂಡರೆ 1,500 ಗಂಟೆಯ ನಿಯಮ ಸಡಿಲಿಸಿ ಎಂಬ ಆಡಳಿತದ ಬೇಡಿಕೆಗೆ ಬಲ ಬರುತ್ತಿತ್ತಲ್ಲ! ಇಲ್ಲ ಎನ್ನುತ್ತಲೇ ಆ ಸಂಘ ಕೊರತೆಯ ಪೂರ್ತಿ ಲಾಭವನ್ನು ಮಾತುಕತೆಯ ಮೇಜಿನಲ್ಲಿ ಎತ್ತಿಕೊಂಡಿತು.

ಹೇಗೆ? ಮುಷ್ಕರ ಹೂಡಿ ಅಲ್ಲ. ಅಲ್ಲಿ ಪೈಲಟ್‌ಗಳಿಗೆ ಅನ್ವಯಿಸುವುದು 1926ರ ರೈಲ್ವೆ ಕಾರ್ಮಿಕ ಕಾನೂನು. 1936ರಲ್ಲಿ ವಿಮಾನಯಾನವನ್ನೂ ಅದಕ್ಕೆ ಸೇರಿಸಿದರು. ಅದರ ಪ್ರಕಾರ ಒಪ್ಪಂದಕ್ಕೆ ಕೊನೆಯ ದಿನವೇ ಇಲ್ಲ, ತಿದ್ದುಪಡಿಗೆ ತೆರೆದುಕೊಳ್ಳುವ ದಿನ ಮಾತ್ರ ಇದೆ. ಹೊಸದಕ್ಕೆ ಸಹಿ ಬೀಳುವ ತನಕ ಹಳೆಯದೇ ನಡೆಯಬೇಕು. ಮುಷ್ಕರಕ್ಕೆ ಮೊದಲು ಸರ್ಕಾರದ ಮಧ್ಯಸ್ಥಿಕೆ ಮಂಡಳಿ ಕೈಬಿಡಬೇಕು, ಆಮೇಲೆ 30 ದಿನ ಕಾಯಬೇಕು. 2022ರ ಅಕ್ಟೋಬರ್‌ನಲ್ಲಿ ಡೆಲ್ಟಾ ಪೈಲಟ್‌ಗಳಲ್ಲಿ ಮತ ಹಾಕಿದ 99% ಜನ ಮುಷ್ಕರಕ್ಕೆ ಒಪ್ಪಿಗೆ ಕೊಟ್ಟರು. ಮುಷ್ಕರ ಮಾಡಲಿಲ್ಲ, ಮಾಡುವ ಅಗತ್ಯ ಬೀಳಲಿಲ್ಲ. 2023ರ ಮಾರ್ಚ್ 1ರಂದು ಒಪ್ಪಂದ ಅಂತಿಮವಾಯಿತು: ತಕ್ಷಣ 18%, 2026ರೊಳಗೆ ಒಟ್ಟು 34% ಏರಿಕೆ. ಯುನೈಟೆಡ್‌ನಲ್ಲಿ ಸಂಘದ ನಾಯಕರೇ ತಂದ ಮೊದಲ ಕರಡನ್ನು 2022ರ ನವೆಂಬರ್‌ನಲ್ಲಿ 94% ಸದಸ್ಯರು ತಿರಸ್ಕರಿಸಿದರು. ಮುಂದಿನ ವರ್ಷ ಅವರಿಗೆ ಇನ್ನೂ ದೊಡ್ಡ ಒಪ್ಪಂದ ಸಿಕ್ಕಿತು.

ನನಗೆ ಹೆಚ್ಚು ಹತ್ತಿರವಾದದ್ದು ಸೌತ್‌ವೆಸ್ಟ್ ಕಥೆ. 2022ರ ಕ್ರಿಸ್ಮಸ್ ಹೊತ್ತಿಗೆ ಹಿಮಬಿರುಗಾಳಿ ಬೀಸಿ ಎಲ್ಲ ಸಂಸ್ಥೆಗಳೂ ಮುಗ್ಗರಿಸಿದವು, ಉಳಿದವು ಎರಡು ಮೂರು ದಿನದಲ್ಲಿ ಎದ್ದವು. ಸೌತ್‌ವೆಸ್ಟ್ ಏಳಲಿಲ್ಲ. ಸ್ಕೈಸಾಲ್ವರ್ ಎಂಬ ಅದರ ಹಳೆಯ ತಂತ್ರಾಂಶಕ್ಕೆ ಯಾವ ಪೈಲಟ್ ಎಲ್ಲಿದ್ದಾನೆ ಎಂಬುದೇ ತಪ್ಪಿಹೋಯಿತು. ವಿಮಾನ ಇದೆ, ಪೈಲಟ್ ಇದ್ದಾನೆ, ಇಬ್ಬರೂ ಒಂದೇ ನಿಲ್ದಾಣದಲ್ಲಿದ್ದಾರೆ; ಆದರೆ ಕಂಪ್ಯೂಟರಿಗೆ ಗೊತ್ತಿಲ್ಲ. ‘ನಾನಿಲ್ಲಿದ್ದೇನೆ’ ಎಂದು ಹೇಳಲು ಸಿಬ್ಬಂದಿ ಗಂಟೆಗಟ್ಟಲೆ ಫೋನ್ ಹಿಡಿದು ಕಾದರು. 16,000ಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಈ ತಂತ್ರಾಂಶ ಬದಲಿಸಿ ಎಂದು ಪೈಲಟ್ ಸಂಘ ವರ್ಷಗಳಿಂದ ಹೇಳುತ್ತಲೇ ಇತ್ತು. 2024ರ ಜನವರಿಯಲ್ಲಿ ಅಂತಿಮವಾದ ಅವರ ಒಪ್ಪಂದ 2028ರ ತನಕದ್ದು, ಮೊದಲ ವರ್ಷವೇ 29% ಏರಿಕೆ. ಪತ್ರಿಕೆಗಳ ತಲೆಬರಹದಲ್ಲಿ ಬಂದದ್ದು ದುಡ್ಡು. ಆ ಮಾತುಕತೆಯಲ್ಲಿ ಮೂರು ವರ್ಷ ಕಾದಾಡಿದ ವಿಷಯಗಳಲ್ಲಿ ರೋಸ್ಟರ್ ನಿಯಮವೂ ಒಂದು. ಇಂಜಿನಿಯರ್ ಕಣ್ಣಿಗೆ ಅದೇ ದೊಡ್ಡ ಸುದ್ದಿ.

ಅಲ್ಲಿನ ಪೈಲಟ್ ಕೂತು ಮಾತಾಡುವುದಕ್ಕೆ ಇನ್ನೊಂದು ಕಾರಣವಿದೆ: ಸೇವಾ ಹಿರಿತನ. ಯಾವ ವಿಮಾನ, ಯಾವ ಊರು, ಯಾವ ರಜೆ, ಎಲ್ಲವೂ ಹಿರಿತನದ ಕ್ರಮಸಂಖ್ಯೆಯ ಮೇಲೆ. ಡೆಲ್ಟಾದಲ್ಲಿ 20 ವರ್ಷ ದುಡಿದವನು ಯುನೈಟೆಡ್‌ಗೆ ಹೋದರೆ ಪಟ್ಟಿಯ ಕಟ್ಟಕಡೆಯಲ್ಲಿ ನಿಲ್ಲಬೇಕು. ಬಿಟ್ಟು ಹೋಗುವುದು ಕಷ್ಟ, ಆದ್ದರಿಂದ ಇದ್ದ ಮನೆಯನ್ನೇ ರಿಪೇರಿ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಅನುಭವಿ ಕ್ಯಾಪ್ಟನ್ ಇನ್ನೊಂದು ಸಂಸ್ಥೆಗೆ ಕ್ಯಾಪ್ಟನ್ ಆಗಿಯೇ ಹೋಗಬಹುದು. ಹಾಗಾಗಿ ಇಲ್ಲಿ ಕೊರತೆ ಒಪ್ಪಂದವಾಗಿ ಮಾರ್ಪಡುವುದಿಲ್ಲ, ರಾಜೀನಾಮೆಯಾಗಿ ಮಾರ್ಪಡುತ್ತದೆ. 2023ರಲ್ಲಿ ಆಕಾಶ ಏರ್‌ನ 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಹೋದಾಗ ಸಂಸ್ಥೆ ಕೋರ್ಟ್ ಮೆಟ್ಟಿಲೇರಿತು. ನೋಟಿಸ್ ಅವಧಿ ಎಷ್ಟು ಗೊತ್ತೇ? ವಿಮಾನಯಾನ ನಿರ್ದೇಶನಾಲಯ ಡಿಜಿಸಿಎ 2017ರಲ್ಲಿ ಬಿಗಿ ಮಾಡಿದ ನಿಯಮದಂತೆ ಫಸ್ಟ್ ಆಫೀಸರ್‌ಗೆ ಆರು ತಿಂಗಳು, ಕ್ಯಾಪ್ಟನ್‌ಗೆ ಒಂದು ವರ್ಷ. ನಮ್ಮ 90 ದಿನಕ್ಕೇ ನಾವು ಗೋಳಾಡುತ್ತೇವೆ.

ನಮ್ಮಲ್ಲೂ ಸಂಘಗಳಿಲ್ಲವೆಂದಲ್ಲ. 1926ರಲ್ಲೇ, ಅಮೆರಿಕದ ಆ ಕಾನೂನು ಹುಟ್ಟಿದ ವರ್ಷವೇ, ನಮ್ಮ ಕಾರ್ಮಿಕ ಸಂಘಗಳ ಕಾಯ್ದೆಯೂ ಬಂತು. ಸಂಘ ಕಟ್ಟಲು ಅದು ಬಿಟ್ಟಿತು, ಆಡಳಿತ ಆ ಸಂಘದೊಂದಿಗೆ ಮಾತಾಡಲೇಬೇಕು ಎನ್ನಲಿಲ್ಲ. 2009ರ ಸೆಪ್ಟೆಂಬರ್‌ನಲ್ಲಿ ಜೆಟ್ ಏರ್‌ವೇಸ್‌ನಲ್ಲಿ ಸಂಘ ಕಟ್ಟಿದ ಇಬ್ಬರನ್ನು ವಜಾ ಮಾಡಿದ್ದಕ್ಕೆ ನೂರಾರು ಪೈಲಟ್‌ಗಳು ಒಟ್ಟಿಗೆ ‘ಅನಾರೋಗ್ಯ ರಜೆ’ ಹಾಕಿ ಐದು ದಿನ ಸಂಸ್ಥೆಯನ್ನು ನಿಲ್ಲಿಸಿದರು. 2012ರಲ್ಲಿ ಏರ್ ಇಂಡಿಯಾ ಪೈಲಟ್‌ಗಳ ಒಂದು ಬಣ ಡ್ರೀಮ್‌ಲೈನರ್ ತರಬೇತಿ ಯಾರಿಗೆ ಎಂಬ ಜಗಳಕ್ಕೆ 58 ದಿನ ಮುಷ್ಕರ ಹೂಡಿತು. ನನಗೆ ಇದು ನ್ಯಾಯದ ಹೋರಾಟವೆಂದು ಎಂದೂ ಅನ್ನಿಸಿಲ್ಲ. ಒಂದೇ ಸಂಸ್ಥೆಯ ಇನ್ನೊಂದು ಬಣದ ಪೈಲಟ್‌ಗಳ ವಿರುದ್ಧದ ಜಗಳ ಅದು.

ಏರ್ ಇಂಡಿಯಾ ಟಾಟಾ ಕೈಗೆ ಬಂದ ಮೇಲೆ, 2023ರ ಏಪ್ರಿಲ್‌ನಲ್ಲಿ ಹೊಸ ವೇತನ ಪತ್ರಗಳು ಬಂದವು. ಹಾರಿಸಲಿ ಬಿಡಲಿ ತಿಂಗಳಿಗೆ 70 ಗಂಟೆಯ ಸಂಬಳ ಖಾತರಿ ಇದ್ದದ್ದು 40ಕ್ಕೆ ಇಳಿದಿತ್ತು. ಅದರಲ್ಲಿ ಇನ್ನೊಂದು ಜಾಣತನವಿತ್ತು: ನಾಲ್ಕು ವರ್ಷ ಕ್ಯಾಪ್ಟನ್ ಆಗಿದ್ದವರಿಗೆ ‘ಸೀನಿಯರ್ ಕಮಾಂಡರ್’ ಬಡ್ತಿ. ಬಡ್ತಿ ಪಡೆದವನು ಆಡಳಿತದ ಭಾಗ, ಸಂಘದಿಂದ ಹೊರಗೆ ಎಂಬುದು ಸಂಘಗಳ ತಕರಾರು. 1,500ಕ್ಕೂ ಹೆಚ್ಚು ಪೈಲಟ್‌ಗಳು ರತನ್ ಟಾಟಾ ಅವರಿಗೆ ಮನವಿ ಬರೆದರು. ಮಾತಾಡಲು ಮೇಜಿಲ್ಲದವರು ಮನೆಯ ಯಜಮಾನರಿಗೆ ಕಾಗದ ಬರೆಯುವ ರೀತಿಯದು. ಮುಂದಿನ ವರ್ಷ ಅದೇ 40 ಗಂಟೆಯ ಲೆಕ್ಕ ವಿಸ್ತಾರಾಕ್ಕೆ ಬಂತು. 98% ಪೈಲಟ್‌ಗಳು ಸಹಿ ಹಾಕಿದ್ದಾರೆ ಎಂದು ಸಂಸ್ಥೆ ಹೇಳಿತು. ಆದರೂ 2024ರ ಏಪ್ರಿಲ್ ಆರಂಭದಲ್ಲಿ ನೂರಾರು ಪ್ರಯಾಣಿಕರು ನಿಲ್ದಾಣದಲ್ಲಿ ಕೂತರು, ದಿನಕ್ಕೆ 25–30 ವಿಮಾನ ಕಡಿಮೆ ಮಾಡಬೇಕಾಯಿತು. ರೋಸ್ಟರ್ ತೀರಾ ಬಿಗಿಯಾಗಿತ್ತೆಂದು ಸಿಇಒ ಅವರೇ ಒಪ್ಪಿಕೊಂಡರು.

ಈಗ ಡಿಸೆಂಬರ್ 2025ಕ್ಕೆ ಬರೋಣ. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ, ರಾತ್ರಿಯ ಲ್ಯಾಂಡಿಂಗ್ ಆರರಿಂದ ಎರಡಕ್ಕೆ – ಈ ನಿಯಮಗಳನ್ನು ಡಿಜಿಸಿಎ ಪ್ರಕಟಿಸಿದ್ದು 2024ರ ಜನವರಿಯಲ್ಲಿ. ಸಂಸ್ಥೆಗಳು ಮುಂದೂಡಿಸಿದವು, ಪೈಲಟ್ ಸಂಘಗಳು ದೆಹಲಿ ಹೈಕೋರ್ಟ್‌ನಲ್ಲಿ ಜಗ್ಗಿದವು, ಕೊನೆಗೆ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಕಂತಿನಲ್ಲಿ ಜಾರಿಯಾದವು. ತಯಾರಿಗೆ ಸುಮಾರು ಎರಡು ವರ್ಷ ಸಿಕ್ಕಿತ್ತು. ಯೋಜನೆಯಲ್ಲಿ ಎಡವಿದೆವೆಂದು ಇಂಡಿಗೊ ಒಪ್ಪಿಕೊಂಡಿತು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಅದೇ ದಿನ ಡಿಜಿಸಿಎ, ರಾತ್ರಿ ಹಾರಾಟದ ನಿಯಮಗಳಿಂದ ಆ ಸಂಸ್ಥೆಗೆ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಿತು. ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಲೆಕ್ಕ ಹಿಡಿಯಬಾರದು ಎಂಬ ಸೂಚನೆಯನ್ನು ಎಲ್ಲ ಸಂಸ್ಥೆಗಳಿಗೂ ಹಿಂತೆಗೆದುಕೊಂಡಿತು.

ನನ್ನ ಭಾಷೆಯಲ್ಲಿ ಹೇಳುವುದಾದರೆ, ಮೊದಲ ಪದರವನ್ನು ಒಂದು ಆದೇಶದಿಂದ ಕಮೆಂಟ್ ಮಾಡಿಬಿಟ್ಟರು, ಅದರ ಕೆಳಗೆ ಎರಡನೇ ಪದರ ಇರಲೇ ಇಲ್ಲ. ಪ್ರಯಾಣಿಕರ ಪರದಾಟ ನಿಲ್ಲಿಸಲು ಸರ್ಕಾರಕ್ಕೆ ಬೇರೆ ದಾರಿ ಏನಿತ್ತು ಎಂದು ನೀವು ಕೇಳಬಹುದು, ಆ ವಾರಕ್ಕೆ ಬಹುಶಃ ಇರಲಿಲ್ಲ. ಆದರೆ ವಿಶ್ರಾಂತಿಯ ಆ ಸಾಲು ಸಂಘದ ಒಪ್ಪಂದದಲ್ಲೂ ಇದ್ದಿದ್ದರೆ, ಅದನ್ನು ಅಳಿಸಲು ಎರಡನೆಯ ಸಹಿಯೂ ಬೇಕಾಗುತ್ತಿತ್ತು. ಸಹಿ ಕೇಳಬೇಕಾಗುತ್ತದೆ ಎಂದು ಗೊತ್ತಿದ್ದರೆ ಸಂಸ್ಥೆ ಎರಡು ವರ್ಷದಲ್ಲಿ ನೇಮಕಾತಿಯನ್ನಾದರೂ ಬೇರೆ ಥರ ಮಾಡುತ್ತಿತ್ತೇನೋ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 51% ಕಾರ್ಮಿಕರ ಬೆಂಬಲವಿರುವ ಸಂಘಕ್ಕೆ ಮಾತುಕತೆಯ ಮಾನ್ಯತೆ ಕೊಡುವ ಕಲಂ ಇದೆ. ಓದಲು ಚೆನ್ನಾಗಿದೆ. ಅದೇ ಸಂಹಿತೆ ಮುಷ್ಕರಕ್ಕೆ 14 ದಿನದ ನೋಟಿಸ್ ಕಡ್ಡಾಯ ಮಾಡುತ್ತದೆ, ಅಮೆರಿಕದ ಕಾಯುವಿಕೆಯ ಮುಂದೆ ಅದು ಏನೂ ಅಲ್ಲ. ‘ಕಾರ್ಮಿಕ’ ಎಂದರೆ ಯಾರು ಎಂಬ ಜಗಳ ಮಾತ್ರ ಪೈಲಟ್‌ಗಳಿಗೂ ಇದೆ, ನಮಗೂ ಇದೆ. 2024ರ ಜುಲೈನಲ್ಲಿ ಕರ್ನಾಟಕದಲ್ಲಿ ಐಟಿಯವರಿಗೆ 14 ಗಂಟೆ ಕೆಲಸದ ಪ್ರಸ್ತಾವ ಬಂದಾಗ ಎದ್ದು ನಿಂತದ್ದು ಐಟಿ ನೌಕರರ ಸಂಘ ಕಿಟು. ಅದರ ಸುದ್ದಿಯನ್ನು ಫಾರ್ವರ್ಡ್ ಮಾಡಿದ ನನ್ನ ಗೆಳೆಯರಲ್ಲಿ ಎಷ್ಟು ಜನ ಸದಸ್ಯರೆಂದು ಕೇಳಿದೆ. ಒಬ್ಬರೂ ಇಲ್ಲ. ನಮ್ಮದೂ ಹಾರುವ ಜಾತಿಯೇ, ಹೈಕ್ ಬೇಕೆಂದರೆ ಕಂಪನಿ ಬದಲಿಸುತ್ತೇವೆ.

ಹಾವೇರಿಯ ಹುಡುಗ ಗಲ್ಫ್‌ನ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದಾನೆ. ಕ್ಯಾಪ್ಟನ್ ಬಡ್ತಿಗೆ ಇನ್ನು ವರ್ಷವೂ ಉಳಿದಿಲ್ಲ, ಅದನ್ನು ಮುಗಿಸಿಕೊಂಡು ಹೋಗಬಾರದೇ ಎಂದು ಕೇಳಿದೆ. ‘ಕಮಾಂಡ್ ಬಂತಂದ್ರ ನೋಟಿಸ್ ಒಂದು ವರ್ಷ ಆಗ್ತದ ಅಣ್ಣಾ. ಅದಕ್ಕ ಅದು ಬರೋ ಮುಂಚೇನ ಹೋಗಬೇಕು’ ಎಂದ. ಮಾರನೇ ದಿನ ಬೆಳಗಿನ ಜಾವ ಅವನಿಗೆ ಡ್ಯೂಟಿ ಇತ್ತು. ರಾತ್ರಿ ಎಂಟಕ್ಕೇ ಮಲಗಲು ಹೊರಟ.