ಗಣಕದ ಮನೆಗೆ ಬಂದ ಅತಿಥಿ

1990ರ ದಶಕದಲ್ಲಿ ನಮ್ಮ ಊರೂರಿನ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುವ ಕೆಲಸ ಹಿಂದೆ ಸರಿಯಿತು. ಗಣಕಯಂತ್ರದ ಮುಂದೆ ಕುಳಿತು ಪುಟ ಕಟ್ಟುವ ಪದ್ಧತಿ ಬಂದಿತು. ಅಲ್ಲಿಂದ ಮುಂದೆ ಅಚ್ಚಾದ ಅನೇಕ ಕನ್ನಡ ಪುಸ್ತಕಗಳಿಗೆ ಹಸ್ತಪ್ರತಿ ಉಳಿದಿಲ್ಲ. ಉಳಿದಿದ್ದರೆ ಅದು ಫ್ಲಾಪಿಯಲ್ಲೋ, ಸಿ.ಡಿ.ಯಲ್ಲೋ, ಅಟ್ಟ ಸೇರಿದ ಯಾವುದೋ ಹಾರ್ಡ್‌ಡಿಸ್ಕಿನಲ್ಲೋ ಇದೆ. ಇಂದು ಮರುಮುದ್ರಣದ ಆಸೆಯಿಂದ ಅಂಥ ಕಡತವನ್ನು ಹೊಸ ಗಣಕದಲ್ಲಿ ತೆರೆದರೆ ಕನ್ನಡ ಕಾಣಿಸುವುದಿಲ್ಲ. ಇಂಗ್ಲಿಷಿನ ಬಿಡಿ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ಪುಟದ ತುಂಬ ಚೆಲ್ಲಿಕೊಂಡಿರುತ್ತವೆ. ಕಡತ ಕೆಟ್ಟಿಲ್ಲ, ಅದನ್ನು ಓದಬಲ್ಲ ಯಂತ್ರ ಮರೆಯಾಗಿದೆ.

ಹೀಗಾಗಲು ಕಾರಣವೇನು? ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿದೀತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವನ್ನು ಗೊತ್ತುಪಡಿಸಿದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆಯಿತು. ಆದರೆ ಆ ಕನ್ನಡ ವಿಂಡೋಸ್ ವ್ಯವಸ್ಥೆಯಲ್ಲಿ ನೆಲೆಯೂರಿದ್ದು 2001ರಲ್ಲಿ ಬಂದ ಎಕ್ಸ್‌ಪಿ ಆವೃತ್ತಿಯೊಡನೆ. ಅದರ ಜೊತೆಗೆ ಬಂದ ಕನ್ನಡ ಅಕ್ಷರವಿನ್ಯಾಸದ ಹೆಸರು 'ತುಂಗಾ' ಎಂಬುದು ಮಲೆನಾಡಿನವರಿಗೆ ಮೆಚ್ಚುಗೆಯಾಗಬೇಕಾದ ಸಂಗತಿ. ಅದಕ್ಕೆ ಮುಂಚೆ, ಅದರ ನಂತರವೂ ಬಹುಕಾಲ, ಪ್ರಕಾಶಕ್, ಶ್ರೀಲಿಪಿ, ಬರಹ, ನುಡಿ ಮೊದಲಾದ ತಂತ್ರಾಂಶಗಳು ನಮ್ಮ ಕೆಲಸ ನಡೆಸಿಕೊಟ್ಟವು. ಕೆ.ಪಿ. ರಾಯರಂಥವರ ದುಡಿಮೆಯಿಂದ ಕೀಲಿಮಣೆಗೆ ಒಂದು ಕ್ರಮ ಬಂದಿತು. ಒಳಗೆ ಅಕ್ಷರವನ್ನು ಕೂಡಿಡುವ ಸಂಕೇತ ಮಾತ್ರ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆಯಾಗಿ ಉಳಿಯಿತು. ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್ ಕೂಡ 2001ರ ಏಳನೆಯ ಆವೃತ್ತಿಗೆ ನಿಂತುಹೋಯಿತು.

ಹಳೆಯ ಕಡತವನ್ನು ಓದಲು ಹಳೆಯ ಗಣಕವೇ ಬೇಕು. ಆದರೆ ಆ ಗಣಕಗಳು ಗುಜರಿ ಸೇರಿವೆ. ಈ ಇಕ್ಕಟ್ಟಿನಿಂದ ಪಾರಾಗಲು ಇರುವ ಉಪಾಯವೇ ವರ್ಚುವಲ್ ಮಷೀನ್, ಎಂದರೆ ಗಣಕದೊಳಗೆ ಇನ್ನೊಂದು ಗಣಕ. ಇದಕ್ಕೆ ಮೈಯಿಲ್ಲ. ಇದರ ಹಾರ್ಡ್‌ಡಿಸ್ಕು ವಾಸ್ತವವಾಗಿ ಹೊರಗಣಕದಲ್ಲಿರುವ ಒಂದು ದೊಡ್ಡ ಕಡತ. ಇದರ ಪರದೆ ಒಂದು ಕಿಟಕಿ. ಆದರೂ ಒಳಗೆ ಕೂರಿಸಿದ ಹಳೆಯ ವಿಂಡೋಸ್ ತಾನು ಸ್ವಂತ ಮನೆಯಲ್ಲಿಯೇ ಇದ್ದೇನೆಂದು ನಂಬಿ ಕೆಲಸ ಮಾಡುತ್ತದೆ. ಈ ಕಲ್ಪನೆ ಹೊಸದಲ್ಲ. ಐಬಿಎಂ ಸಂಸ್ಥೆ 1960ರ ದಶಕದಲ್ಲಿಯೇ ತನ್ನ ದೊಡ್ಡ ಗಣಕಗಳಲ್ಲಿ ಇದನ್ನು ಸಾಧಿಸಿತ್ತು. ಮೇಜಿನ ಮೇಲಿನ ಗಣಕಕ್ಕೆ ಇದನ್ನು 1999ರಲ್ಲಿ ತಂದುಕೊಟ್ಟದ್ದು ವಿಎಂವೇರ್. 2007ರಿಂದ ವರ್ಚುವಲ್‌ಬಾಕ್ಸ್ ಉಚಿತವಾಗಿಯೇ ದೊರೆಯುತ್ತಿದೆ. ಈ ವಿದ್ಯೆಯಲ್ಲಿ ಹೊರಗಣಕವನ್ನು ಅತಿಥೇಯನೆಂದೂ ಒಳಗಣಕವನ್ನು ಅತಿಥಿಯೆಂದೂ ಕರೆಯುವ ವಾಡಿಕೆ. ನಮಗೆ ಒಪ್ಪುವ ಹೆಸರುಗಳೇ ಅವು. ಮುಂದಿನ ಮಾತಿಗೂ ಅವೇ ಆಧಾರ.

ಸಣ್ಣ ಊರುಗಳ ಲೇಖಕರಲ್ಲಿ, ಮುದ್ರಕರಲ್ಲಿ ಇರುವುದು ಬಹುಮಟ್ಟಿಗೆ ಹತ್ತು ವರ್ಷ ಹಿಂದಿನ ಗಣಕ. ಅದರ ನೆನಪು ನಾಲ್ಕು ಜಿ.ಬಿ. ಅದರೊಳಗೆ ಅತಿಥಿಯನ್ನು ಕೂರಿಸಿದರೆ ಕೆಲಸ ಆಮೆಯ ನಡಿಗೆಯಾಗುತ್ತದೆ. ಒಂದು ಅಕ್ಷರ ಒತ್ತಿ ಎಲೆಯಡಿಕೆ ಹಾಕಿಕೊಂಡು ಬಂದರೂ ಅದು ಪರದೆಗೆ ಬಂದಿರುವುದಿಲ್ಲ. ಆಗ ಎಲ್ಲರಿಗೂ ತೋಚುವ ಪರಿಹಾರವೊಂದಿದೆ: ಅತಿಥಿಗೆ ಇನ್ನಷ್ಟು ಬಡಿಸುವುದು, ಎಂದರೆ ಹೆಚ್ಚು ನೆನಪು, ಹೆಚ್ಚು ಸಂಸ್ಕಾರಕ ಕೊಡುವುದು. ಆಶ್ಚರ್ಯವೆಂದರೆ, ಹಳೆಯ ಗಣಕದಲ್ಲಿ ಹಾಗೆ ಮಾಡಿದಷ್ಟೂ ಕೆಲಸ ಇನ್ನೂ ನಿಧಾನವಾಗುವುದುಂಟು.

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ತುಂಗೆಯ ದಂಡೆಯ ಮಂಡಗದ್ದೆಯನ್ನು ನೋಡಿದವರಿಗೆ ಇದರ ಕಾರಣ ಸುಲಭವಾಗಿ ತಿಳಿದೀತು. ಅಲ್ಲಿ ನದಿಯ ನಡುವೆ ಒಂದು ನಡುಗಡ್ಡೆ. ವಿಸ್ತಾರ ಒಂದೆಕರೆಗೆ ತುಸು ಹೆಚ್ಚು, ಅಷ್ಟೇ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಬಂದು ಅಲ್ಲಿಯ ಮರಗಳಲ್ಲಿ ಗೂಡು ಕಟ್ಟುತ್ತವೆ. ಅದೇ ಕಾಲಕ್ಕೆ ಹೊಳೆಯೂ ಏರುತ್ತದೆ. ಮರಗಳ ಬುಡ ನೀರಿಗೆ ಹೋಗಿ ಮೇಲಿನ ರೆಂಬೆಗಳಷ್ಟೇ ಉಳಿಯುತ್ತವೆ. ಬಂದ ಹಕ್ಕಿಗಳೆಲ್ಲ ಆ ರೆಂಬೆಗಳಲ್ಲಿಯೇ ಹಂಚಿಕೊಳ್ಳಬೇಕು. ಗೂಡು ದೊಡ್ಡದಾದರೆ ನಡುಗಡ್ಡೆ ದೊಡ್ಡದಾಗುವುದಿಲ್ಲ. ಹಳೆಯ ಗಣಕವೂ ಹಾಗೆಯೇ. ಅತಿಥಿಗೆ ಕೊಟ್ಟದ್ದೆಲ್ಲವೂ ಅತಿಥೇಯನಿಂದ ಕಿತ್ತುಕೊಂಡದ್ದು. ಅತಿಥೇಯ ಬಳಲಿದರೆ ಅತಿಥಿಯೂ ಬಳಲುತ್ತಾನೆ. ಏಕೆಂದರೆ ಅತಿಥಿಯ ಕೆಲಸವೆಲ್ಲ ನಡೆಯುವುದು ಅತಿಥೇಯನ ಕೈಯಿಂದಲೇ.

ನೆನಪಿನ ಮಾತನ್ನೇ ತೆಗೆದುಕೊಳ್ಳೋಣ. ನಾಲ್ಕು ಜಿ.ಬಿ.ಯಲ್ಲಿ ಮೂರನ್ನು ಅತಿಥಿಗೆ ಬಡಿಸಿದಿರೆನ್ನಿ. ಉಳಿದ ಒಂದರಲ್ಲಿ ಇಂದಿನ ವಿಂಡೋಸ್ ಉಸಿರಾಡಲಾರದು. ತನ್ನ ನೆನಪಿನಲ್ಲಿ ಹಿಡಿಸದ್ದನ್ನು ಅದು ಹಾರ್ಡ್‌ಡಿಸ್ಕಿಗೆ ಸಾಗಿಸುವುದು, ಬೇಕಾದಾಗ ಮತ್ತೆ ಹೊತ್ತು ತರುವುದು, ಹೀಗೆ ಓಡಾಟ ಹಿಡಿಯುತ್ತದೆ. ನೆನಪಿನಿಂದ ಒಂದು ಮಾಹಿತಿಯನ್ನು ತೆಗೆಯಲು ಒಂದು ಸೆಕೆಂಡು ಬೇಕೆಂದು ಭಾವಿಸಿದರೆ, ತಿರುಗುವ ಹಾರ್ಡ್‌ಡಿಸ್ಕಿನಿಂದ ತೆಗೆಯಲು ಅದೇ ಅಳತೆಯಲ್ಲಿ ಒಂದು ಹಗಲೂ ಒಂದು ರಾತ್ರಿಯೂ ಮೀರುತ್ತದೆ. ವ್ಯತ್ಯಾಸ ಸುಮಾರು ಒಂದು ಲಕ್ಷ ಪಟ್ಟು. ಅಡುಗೆಯ ನಡುವೆ ಉಪ್ಪು ತರಲು ಪ್ರತಿಸಲವೂ ಪಕ್ಕದ ಊರಿನ ಸಂತೆಗೆ ಹೋಗಿಬರುವ ಸ್ಥಿತಿ ಇದು. ವಿಂಡೋಸ್ ಎಕ್ಸ್‌ಪಿಗೆ ಅದರ ತಯಾರಕರು ಶಿಫಾರಸು ಮಾಡಿದ್ದುದೇ 128 ಎಂ.ಬಿ. ನೆನಪು. 512 ಎಂ.ಬಿ. ಕೊಟ್ಟರೆ ಪೇಜ್‌ಮೇಕರ್ ಕೆಲಸಕ್ಕೆ ಧಾರಾಳವಾಯಿತು. ಅತಿಥಿ ಯಾರೇ ಆಗಲಿ, ಮನೆಯ ಅರ್ಧಕ್ಕಿಂತ ಹೆಚ್ಚು ಬಿಟ್ಟುಕೊಡದಿರುವುದು ಒಳ್ಳೆಯ ನಿಯಮ.

ಸಂಸ್ಕಾರಕಕ್ಕೂ ಇದೇ ನ್ಯಾಯ. ಎರಡು ತಿರುಳಿನ ಸಂಸ್ಕಾರಕದಲ್ಲಿ ಎರಡನ್ನೂ ಅತಿಥಿಗೆ ಒಪ್ಪಿಸಬಾರದು, ಒಂದು ಸಾಕು.

ಇನ್ನು ಬಹಳ ಮಂದಿ ಗಮನಿಸದ ಒಂದು ವಿಷಯ. 2005-06ರಿಂದ ಈಚೆಗೆ ಇಂಟೆಲ್, ಎಎಂಡಿ ಸಂಸ್ಥೆಗಳು ಅತಿಥಿ ಸತ್ಕಾರಕ್ಕೆಂದೇ ತಮ್ಮ ಸಂಸ್ಕಾರಕಗಳಲ್ಲಿ ವಿಶೇಷ ಸೌಲಭ್ಯವೊಂದನ್ನು ಸೇರಿಸತೊಡಗಿದವು. ಅವುಗಳ ಹೆಸರು ಕ್ರಮವಾಗಿ ವಿಟಿ-ಎಕ್ಸ್ ಮತ್ತು ಎಎಂಡಿ-ವಿ. ಇದಿದ್ದರೆ ಅತಿಥಿಯ ಆಜ್ಞೆಗಳು ಬಹುಪಾಲು ನೇರವಾಗಿ ಸಂಸ್ಕಾರಕವನ್ನು ತಲುಪುತ್ತವೆ. ಇಲ್ಲದಿದ್ದರೆ ದುಭಾಷಿಯೊಬ್ಬ ನಡುವೆ ನಿಂತು ಅವನ್ನು ತಿದ್ದಿ ದಾಟಿಸಬೇಕು. ಹಳೆಯ ಗಣಕಗಳಲ್ಲಿ ಅನೇಕ ವೇಳೆ ಈ ಸೌಲಭ್ಯವಿದ್ದೂ ಕಾರ್ಖಾನೆಯಿಂದ ಬರುವಾಗಲೇ ಮುಚ್ಚಿರುತ್ತದೆ. ಗಣಕ ಏಳುವ ಕ್ಷಣದಲ್ಲಿ ಬಯಾಸ್ ಪುಟಕ್ಕೆ ಹೋಗಿ ಅದನ್ನು ತೆರೆಯಬೇಕು. ವರ್ಚುವಲ್‌ಬಾಕ್ಸಿನ 6.1ನೆಯ ಆವೃತ್ತಿಯಿಂದ ಈಚೆಗೆ ಇದಿಲ್ಲದೆ ಕೆಲಸವೇ ನಡೆಯದು.

ಇದನ್ನು ತೆರೆದ ಮೇಲೂ ಕೆಲವೊಮ್ಮೆ ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳ ಅಂಚಿನಲ್ಲಿ ಹಸಿರು ಆಮೆಯ ಪುಟ್ಟ ಚಿತ್ರ ಕಾಣಿಸಿಕೊಳ್ಳುತ್ತದೆ. ಅದು ಅಲಂಕಾರಕ್ಕಿಟ್ಟದ್ದಲ್ಲ. ಹೊರಗಿನ ವಿಂಡೋಸ್ ತನ್ನದೇ ಆದ ಹೈಪರ್-ವಿ ಎಂಬ ವ್ಯವಸ್ಥೆಯಿಂದ ಆ ಸೌಲಭ್ಯವನ್ನು ಮೊದಲೇ ಹಿಡಿದುಕೊಂಡಿದೆ, ಆದ್ದರಿಂದ ಅತಿಥಿ ಬಳಸುದಾರಿಯಲ್ಲಿ ನಡೆಯಬೇಕಾಗಿದೆ ಎಂಬುದರ ಸೂಚನೆ. ಹೈಪರ್-ವಿಯನ್ನು ನಿಲ್ಲಿಸಿದರೆ ವೇಗ ಮರಳುವುದುಂಟು. ಆದರೆ ವಿಂಡೋಸಿನ ಕೆಲವು ರಕ್ಷಣೆಗಳು ಅದನ್ನೇ ಅವಲಂಬಿಸಿವೆ. ಕೆಲಸ ಮುಗಿದ ಮೇಲೆ ಅದನ್ನು ಮೊದಲಿನಂತೆ ಮಾಡಿಡುವುದು ಲೇಸು.

ಹಳೆಯ ಗಣಕಕ್ಕೆ ಖರ್ಚು ಮಾಡಲೇಬೇಕೆಂದಿದ್ದರೆ ಅದು ಒಂದೇ ವಸ್ತುವಿಗೆ: ತಿರುಗುವ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ. ಇದರಲ್ಲಿ ತಿರುಗುವ ತಟ್ಟೆಯಿಲ್ಲ, ಅಲುಗಾಡುವ ಮುಳ್ಳಿಲ್ಲ. ಹಿಂದೆ ಹೇಳಿದ ಅಳತೆಯಲ್ಲಿ ಒಂದು ಹಗಲು ರಾತ್ರಿಯ ಕಾಯುವಿಕೆ ಸುಮಾರು ಕಾಲು ಗಂಟೆಗೆ ಇಳಿಯುತ್ತದೆ. ಅತಿಥಿಯ ಡಿಸ್ಕು ಕಡತ ಇದರ ಮೇಲೆಯೇ ಇರಲಿ.

ಉಳಿದವು ಸಣ್ಣ ಉಪಚಾರಗಳು. ಗೆಸ್ಟ್ ಅಡಿಷನ್ಸ್ ಎಂಬ ಪೂರಕ ತಂತ್ರಾಂಶವನ್ನು ಅತಿಥಿಯೊಳಗೆ ಸ್ಥಾಪಿಸಿದರೆ ಪರದೆಯೂ ಮೌಸೂ ಚುರುಕಾಗುತ್ತವೆ. ಸ್ನ್ಯಾಪ್‌ಶಾಟುಗಳನ್ನು ಒಂದರ ಮೇಲೊಂದು ಪೇರಿಸಿದರೆ ಪ್ರತಿ ಓದಿಗೂ ಆ ಸರಪಳಿಯನ್ನು ಹಾಯಬೇಕಾಗುತ್ತದೆ, ಬೇಡವಾದವನ್ನು ತೆಗೆಯಬೇಕು. ಅತಿಥಿಗೆ ಅಂತರ್ಜಾಲದ ಸಂಪರ್ಕ ಕೊಡಬಾರದು. ಎಕ್ಸ್‌ಪಿಗೆ ತಯಾರಕರ ರಕ್ಷಣೆ 2014ರ ಏಪ್ರಿಲಿನಲ್ಲಿಯೇ ಮುಗಿದಿದೆ. ಬಾಗಿಲು ಮುಚ್ಚಿದ್ದರೆ ಸುರಕ್ಷಿತ, ಹಗುರವೂ ಹೌದು. ಎಲ್ಲಕ್ಕಿಂತ ಮೊದಲು ಟಾಸ್ಕ್ ಮ್ಯಾನೇಜರನ್ನು ತೆರೆದು, ದಣಿದಿರುವುದು ನೆನಪೋ, ಡಿಸ್ಕೋ, ಸಂಸ್ಕಾರಕವೋ ಎಂದು ಹೊರಗಣಕದಲ್ಲಿ ನೋಡಬೇಕು. ನಾಡಿ ಹಿಡಿಯದೆ ಔಷಧ ಕೊಡುವ ವೈದ್ಯನನ್ನು ನಾವು ನಂಬುವುದಿಲ್ಲವಷ್ಟೆ.

ಇಷ್ಟೆಲ್ಲ ಶ್ರಮಪಟ್ಟು ಅತಿಥಿಯನ್ನು ಚುರುಕುಗೊಳಿಸಿದರೂ ಅವನನ್ನು ಕಾಯಂ ಆಗಿ ಇಟ್ಟುಕೊಳ್ಳುವ ಉದ್ದೇಶ ನಮಗೆ ಬೇಡ. ಹಳೆಯ ಕಡತ ಒಮ್ಮೆ ತೆರೆದು ಕನ್ನಡ ಕಣ್ಣಿಗೆ ಬಿದ್ದೊಡನೆ ಪಠ್ಯವನ್ನು ಹೊರತೆಗೆದು ಯೂನಿಕೋಡಿಗೆ ಪರಿವರ್ತಿಸಬೇಕು. ಅದಕ್ಕೆ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವುದರಿಂದ ಅಚ್ಚಾದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಒಮ್ಮೆ ತಾಳೆ ನೋಡಲೇಬೇಕು. ಮೂಲ ಕಡತದ ಪ್ರತಿಯನ್ನೂ ಹೊಸ ಪಠ್ಯವನ್ನೂ ಎರಡು ಬೇರೆ ಜಾಗಗಳಲ್ಲಿ ಇಡಬೇಕು.

ತಾಳೆಗರಿಯನ್ನು ಓದುವವರಿಲ್ಲದೆ ಹೋದಾಗ ಅದನ್ನು ಉಳಿಸಿದವರು ಪ್ರತಿ ಮಾಡಿದ ಲಿಪಿಕಾರರು. ಫ್ಲಾಪಿಯಲ್ಲಿ, ಸಿ.ಡಿ.ಯಲ್ಲಿ ಉಳಿದ ಕನ್ನಡಕ್ಕೆ ಗರಿಯಷ್ಟು ಆಯುಷ್ಯವೂ ಇಲ್ಲ. ಅದನ್ನು ಪ್ರತಿ ಮಾಡುವ ಕೆಲಸಕ್ಕೆ ಹೊಸ ಗಣಕ ಕೊಳ್ಳುವವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿರುವ ಹಳೆಯದೇ ಸಾಕು, ಅದರ ಶಕ್ತಿಯನ್ನು ಅಳೆದು ಬಡಿಸಿದರೆ.