ನೆಟ್ಟಗೆ ಕೊಯ್ಯುವ ಮೇಜು

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬದ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಮರಗೆಲಸದ ಅಂಗಡಿಗಳಿಗೆ ಬರವಿಲ್ಲ. ಮುಂದುಗಡೆ ಸಾಗುವಾನಿಯ ಬಾಗಿಲುವಾಡ ಗೋಡೆಗೆ ಒರಗಿರುತ್ತದೆ, ಪಕ್ಕದಲ್ಲಿ ಅಕೇಶಿಯಾದ ಕಿಟಕಿ ಚೌಕಟ್ಟು, ಒಳಗೆ ತಗಡಿನ ಮಾಡಿನ ಕೆಳಗೆ ರಂದದ ಮಿಷನ್ನು. ಈ ಮಿಷನ್ನಿಗೆ ಒಂದೇ ದಂಡ. ನಡುವೆ ಹೆರೆಯುವ ಅಲಗು, ಒಂದು ತುದಿಗೆ ದುಂಡು ಗರಗಸ, ಬೇಕಾದರೆ ತೂತು ಕೊರೆಯುವುದಕ್ಕೂ ಅದೇ ದಂಡ. ಒಂದು ಮೋಟಾರಿನ ಖರ್ಚಿನಲ್ಲಿ ಮೂರು ಕೆಲಸ. ಕೈಗರಗಸ, ಬಾಚಿಗಳಿಂದ ಮೈಮುರಿದು ದುಡಿಯುತ್ತಿದ್ದ ಎಷ್ಟೋ ಆಚಾರಿಗಳ ಮನೆಯ ಒಲೆ ಉರಿದದ್ದು ಈ ಮಿಷನ್ನಿನಿಂದ. ಹಾಗಾಗಿ ಅದನ್ನು ಹಳಿಯುವ ಮನಸ್ಸಾಗುವುದಿಲ್ಲ. ಆದರೆ ಯಾರಾದರೂ ಹೊಸ ಮಿಷನ್ ತಂದರೆ ಬಂದವರು ಕೇಳುವ ಮೊದಲ ಮಾತು, "ಎಷ್ಟು ಎಚ್‌ಪಿ?" ಎರಡನೆಯದು, "ಎಷ್ಟಕ್ಕೆ ಬಿತ್ತು?" ನೆಟ್ಟಗೆ ಕೊಯ್ಯುತ್ತದೆಯಾ ಎಂದು ಕೇಳುವವರು ಕಡಿಮೆ.

ರಂದದ ಮಿಷನ್ನಿನ ಗರಗಸ ನೆಟ್ಟಗೆ ಕೊಯ್ಯುವುದು ಕಷ್ಟವೇ. ಮೇಜು ಚಿಕ್ಕದು, ಮರ ಆನಿಸುವ ಪಟ್ಟಿಯನ್ನು ಒಂದೇ ಬೋಲ್ಟಿನಿಂದ ಬಿಗಿದಿರುತ್ತಾರೆ, ಗರಗಸದಲ್ಲಿ ಸೀಳುತ್ತಿರುವಾಗಲೇ ಪಕ್ಕದಲ್ಲಿ ಹೆರೆಯುವ ಅಲಗೂ ಸುಮ್ಮನೆ ತಿರುಗುತ್ತಿರುತ್ತದೆ. ಬಾಗಿಲು, ಕಿಟಕಿ, ಮಂಚಕ್ಕೆ ಅದು ನಡೆದೀತು. ಕೊಯ್ದಮೇಲೆ ರಂದ ಹೊಡೆದು ಸರಿಮಾಡಿಕೊಳ್ಳಬಹುದು. ಮಾಡ್ಯುಲರ್ ಅಡುಗೆಮನೆ, ವಾರ್ಡ್‌ರೋಬು, ಡ್ರಾಯರು ಎಂದು ಗಿರಾಕಿಗಳು ಕೇಳತೊಡಗಿದ ಮೇಲೆ ಕಥೆ ಬೇರೆ. ಡ್ರಾಯರಿನ ಎರಡು ಪಕ್ಕಗಳ ನಡುವೆ ಎರಡು ಮಿಲಿಮೀಟರ್ ವ್ಯತ್ಯಾಸ ಬಂದರೆ ಚಾನೆಲ್ಲು ಸಿಕ್ಕಿಕೊಳ್ಳುತ್ತದೆ. ಅಂಥ ಕೆಲಸಕ್ಕೆ ಬೇಕಾದದ್ದು ಕ್ಯಾಬಿನೆಟ್ ಟೇಬಲ್ ಸಾ ಎಂಬ ಮೇಜಿನ ಗರಗಸ.

ಹೆಸರಿನಲ್ಲಿರುವ ಕ್ಯಾಬಿನೆಟ್ ಎಂದರೆ ಮಿಷನ್ನಿನ ಕೆಳಗಿನ ಮುಚ್ಚಿದ ಉಕ್ಕಿನ ಪೆಟ್ಟಿಗೆ. ಮೋಟಾರು, ಬೆಲ್ಟು, ಬ್ಲೇಡನ್ನು ಏರಿಸಿ ಇಳಿಸುವ ಮತ್ತು 45 ಡಿಗ್ರಿವರೆಗೆ ಓರೆ ಮಾಡುವ ಎರಕದ ಜೋಡಣೆ ಎಲ್ಲವೂ ಅದರೊಳಗೆ. ಮೇಲೆ ದಪ್ಪ ಬೀಡುಕಬ್ಬಿಣದ ಹಾಸು. ಅಮೆರಿಕದ ಮಿಲ್ವಾಕಿಯ ಡೆಲ್ಟಾ ಕಂಪನಿ 1939ರಲ್ಲಿ ತಂದ ಯೂನಿಸಾ ಈ ಮಾದರಿಯ ಹಿರಿಯಣ್ಣ. ಆಮೇಲೆ ಬಂದವು ಬಹುಪಾಲು ಅದರದೇ ನಡೆ ಹಿಡಿದವು. ಅಗ್ಗದ ಟೇಬಲ್ ಸಾಗಳಲ್ಲಿ ಬ್ಲೇಡಿನ ಜೋಡಣೆಯನ್ನು ಮೇಜಿನ ಹಾಸಿಗೇ ಕೆಳಗಿನಿಂದ ನೇತುಹಾಕಿರುತ್ತಾರೆ. ಕ್ಯಾಬಿನೆಟ್ ಸಾನಲ್ಲಿ ಅದು ಪೆಟ್ಟಿಗೆಗೆ ಬಿಗಿದಿರುತ್ತದೆ. ಲಾರಿಯಲ್ಲಿ ಬರುವಾಗ ಕುಲುಕಾಡಿ ಹಾಸು ಸ್ವಲ್ಪ ಕದಲಿದರೂ ಅದರ ಬೋಲ್ಟುಗಳನ್ನು ಸಡಿಲಿಸಿ, ಕೊಡತಿಯಿಂದ ಮೆಲ್ಲಗೆ ತಟ್ಟಿ, ಬ್ಲೇಡಿಗೆ ಸಮಾನಾಂತರ ಮಾಡಿ ಮತ್ತೆ ಬಿಗಿದರೆ ಆಯಿತು. ನೇತುಹಾಕಿದ ಮಾದರಿಯಲ್ಲಿ ಈ ಕೆಲಸಕ್ಕೆ ಮಿಷನ್ನಿನ ಅಡಿಯಲ್ಲಿ ಅಂಗಾತ ಮಲಗಬೇಕು. ಕ್ಯಾಬಿನೆಟ್ ಸಾನ 200-250 ಕಿಲೋ ತೂಕವನ್ನು ಹೊರೆಯೆಂದು ಭಾವಿಸುವವರಿದ್ದಾರೆ. ಆ ತೂಕವೇ ಅದರ ಗುಣ. ಎಂಟಡಿಯ ಹಲಗೆಯನ್ನು ನೂಕುವಾಗ ಮಿಷನ್ನೇ ಸರಿದಾಡಿದರೆ ಗೆರೆ ನೆಟ್ಟಗೆ ಬರುವುದೆಲ್ಲಿ?

ಇಷ್ಟು ಹೇಳುವಾಗ ಸೊರಬದ ಗುಡಿಗಾರರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಸೊರಬ, ಸಾಗರ, ಆಚೆ ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರಗಳಲ್ಲಿ ನೆಲೆಸಿದ ಈ ಕುಶಲಕರ್ಮಿಗಳು ಶ್ರೀಗಂಧದಲ್ಲಿ ಪೆಟ್ಟಿಗೆ, ವಿಗ್ರಹ, ಹಾರ ಕೆತ್ತಿದವರು. ಬೆಂಡಿನಲ್ಲಿ ಮದುವೆಯ ಬಾಸಿಂಗ ಮಾಡಿದವರು. ನಿಷೇಧ ಬರುವ ತನಕ ದಂತದಲ್ಲೂ ಕೈಯಾಡಿಸಿದವರು. ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟು ಬಂದವರೆಂಬ ಹೇಳಿಕೆ ಅವರಲ್ಲಿದೆ. ಬ್ರಿಟಿಷರ ಕಾಲದ ದಾಖಲೆಗಳು ಅವರ ಸಲಕರಣೆಯ ಪಟ್ಟಿಯನ್ನೇ ಕೊಡುತ್ತವೆ: ಗರಗಸ, ರಂದ, ಕೊಡತಿ, ಸಾಣೆಕಲ್ಲು, ಸೂಜಿಯಷ್ಟು ಸಣ್ಣ ಉಳಿಗಳು. ಆ ಉಳಿಗಳಲ್ಲಿ ಕೆಲವನ್ನು ಅವರೇ ಕೊಡೆಯ ತಂತಿಯಿಂದ ಮಾಡಿಕೊಳ್ಳುತ್ತಿದ್ದರಂತೆ. ಅಂಗಡಿಯಲ್ಲಿ ಸಿಗದಿದ್ದರೆ ತಾವೇ ಮಾಡಿಕೊಳ್ಳುವ ಆ ಹಟ ಈಗ ನಮಗೆ ಬಾರದು.

ಶ್ರೀಗಂಧವನ್ನು ಟೇಬಲ್ ಸಾಗೆ ಕೊಡಬಹುದೇ? ಕೊಡುವುದು ಬೇಡ. ಗಂಧ ಮಾರುವುದು ತೂಕದ ಲೆಕ್ಕದಲ್ಲಿ, ಟೇಬಲ್ ಸಾನ ಬ್ಲೇಡು ಒಂದು ಸಲ ಹಾಯ್ದರೆ ಸುಮಾರು 3 ಮಿ.ಮೀ. ಮರ ಹೊಟ್ಟಾಗುತ್ತದೆ. 100 ಮಿ.ಮೀ. ದಪ್ಪದ ತುಂಡಿನಿಂದ 6 ಮಿ.ಮೀ.ನ ಹಲಗೆ ಸೀಳಿದರೆ ಸಿಗುವುದು 11. ತೆಳುವಾದ ಬ್ಯಾಂಡ್ ಸಾ ಪಟ್ಟಿ 1 ಮಿ.ಮೀ. ಮಾತ್ರ ತಿನ್ನುತ್ತದೆ, ಅದರಲ್ಲಿ 14 ಹಲಗೆ. ಮೂರು ಹಲಗೆ ಗಂಧ ನೆಲಕ್ಕೆ ಬಿದ್ದಂತಾಯಿತು. ಗಂಧದ ಹುಡಿ ಊದುಬತ್ತಿಗೆ ಹೋಗುತ್ತದೆ ನಿಜ, ಪೆಟ್ಟಿಗೆಯ ಬೆಲೆ ಅದಕ್ಕೆ ಬರುವುದಿಲ್ಲ. ಕೆತ್ತನೆಯವನಿಗೆ ಬ್ಯಾಂಡ್ ಸಾ, ಬಾಗಿಲು-ಬೀರು ಮಾಡುವವನಿಗೆ ಟೇಬಲ್ ಸಾ. ಎರಡನ್ನೂ ಒಂದೇ ಮಿಷನ್ನಿನಿಂದ ತೀರಿಸಿಕೊಳ್ಳುತ್ತೇನೆ ಅಂದರೆ ಎರಡೂ ಕೆಡುತ್ತವೆ.

ಇನ್ನು ನಮ್ಮ ಮರದ ಸ್ವಭಾವ. ಹಲಸು, ಮತ್ತಿ, ಹೊನ್ನೆ, ಸಾಗುವಾನಿಯ ಜೊತೆಗೆ ಈಗ ಅಂಗಡಿಗಳಲ್ಲಿ ಅಕೇಶಿಯಾದ್ದೇ ರಾಶಿ. ಸಾಮಾಜಿಕ ಅರಣ್ಯದ ಹೆಸರಲ್ಲಿ, ಕಾಗದದ ಕಾರ್ಖಾನೆಯ ನೆಡುತೋಪಿನ ಹೆಸರಲ್ಲಿ ಜಿಲ್ಲೆಯ ತುಂಬ ಹಬ್ಬಿದ ಮರ ಅದು. ಬೇಗ ಬೆಳೆದ ಮರದೊಳಗೆ ಬಿಗುವು ಉಳಿದಿರುತ್ತದೆ. ಉದ್ದಕ್ಕೆ ಸೀಳುತ್ತ ಹೋದಂತೆ ಸೀಳಿದ ಎರಡು ಭಾಗಗಳು ಮತ್ತೆ ಕೂಡಿಕೊಂಡು ಬ್ಲೇಡಿನ ಹಿಂಬದಿಯನ್ನು ಕಚ್ಚುತ್ತವೆ. ಬ್ಲೇಡಿನ ಮುಂದಿನ ಹಲ್ಲು ಮರವನ್ನು ಮೇಜಿಗೆ ಒತ್ತಿದರೆ ಹಿಂದಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಬರುತ್ತದೆ. ಕಚ್ಚಿದ ಮರವನ್ನು ಅದು ಎತ್ತಿ, ಕೆಲಸಗಾರನ ಹೊಟ್ಟೆಯ ಕಡೆಗೇ ಎಸೆಯುತ್ತದೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದ್ದರೆ ಅದರ ಹಲ್ಲಿನ ವೇಗ ಗಂಟೆಗೆ 190 ಕಿ.ಮೀ. ಮರ ಒದೆಯುವುದು ಅಂದರೆ ಇದು. ಕಣ್ಣು ಮಿಟುಕಿಸುವಷ್ಟೂ ಹೊತ್ತು ಸಿಗುವುದಿಲ್ಲ, ಮರದ ಮೇಲಿಟ್ಟ ಕೈ ಅದರ ಜೊತೆಗೇ ಬ್ಲೇಡಿನ ಕಡೆಗೆ ಎಳೆದುಕೊಂಡು ಹೋಗುತ್ತದೆ.

ಇದಕ್ಕೆ ಮದ್ದು ಬ್ಲೇಡಿನ ಬೆನ್ನಿಗೇ ನಿಲ್ಲುವ ಬಾಗಿದ ಉಕ್ಕಿನ ತಗಡು, ರೈವಿಂಗ್ ನೈಫ್. ಸೀಳಿನೊಳಗೆ ಹೊಕ್ಕು ಎರಡು ಭಾಗ ಕೂಡದಂತೆ ತಡೆಯುವುದಷ್ಟೇ ಅದರ ಕೆಲಸ. ಬ್ಲೇಡಿನ ತಟ್ಟೆಗಿಂತ ದಪ್ಪ, ಹಲ್ಲಿನ ಸೀಳಿಗಿಂತ ತೆಳು ಇರಬೇಕು. ಬ್ಲೇಡು ಏರಿದಾಗ ಏರಬೇಕು, ಇಳಿದಾಗ ಇಳಿಯಬೇಕು, ಓರೆಯಾದಾಗ ಓರೆಯಾಗಬೇಕು. ಮೇಜಿಗೆ ಅಲುಗಾಡದಂತೆ ನಟ್ಟು ಬಿಗಿದ ಹಳೆಯ ಮಾದರಿಯ ತಗಡನ್ನು ಗಾಡಿ (ಮರದಲ್ಲಿ ಉದ್ದ ತೋಡು) ಹೊಡೆಯುವಂಥ ಸಣ್ಣ ಕೊಯ್ತಗಳಿಗೆ ಕಳಚಲೇಬೇಕಾಗುತ್ತದೆ. ಒಮ್ಮೆ ಕಳಚಿದ್ದು ಅಟ್ಟ ಸೇರುತ್ತದೆ. ಮಿಷನ್ ನೋಡಲು ಹೋದವರು ಮೊದಲು ಇದನ್ನೇ ಕೇಳಿ. ರೈವಿಂಗ್ ನೈಫ್ ಇಲ್ಲದ ಟೇಬಲ್ ಸಾ ಮಿಷನ್ನನ್ನು ಮಲೆನಾಡಿನ ಅಂಗಡಿಗೆ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಅದು ಐದು ಎಚ್‌ಪಿಯದೇ ಆಗಿರಲಿ.

ಎರಡನೆಯದು ಫೆನ್ಸ್, ಮರವನ್ನು ಆನಿಸಿ ನೂಕುವ ಉದ್ದ ಪಟ್ಟಿ. ಆಚಾರಿಗಳು ಗೈಡ್ ಅಂತಲೂ ಕರೆಯುತ್ತಾರೆ. ಅಮೆರಿಕದ ಬಿಲ್ ಬೀಸ್‌ಮೇಯರ್ ಎಂಬಾತ 1980ರ ಆಸುಪಾಸಿನಲ್ಲಿ ಟಿ ಆಕಾರದ ಫೆನ್ಸ್ ತಂದಮೇಲೆ ಈ ಭಾಗದ ಚಹರೆಯೇ ಬದಲಾಯಿತು. ಮುಂದಿನ ಹಳಿಯ ಮೇಲೆ ಅಗಲವಾಗಿ ಕೂತು, ಒಂದೇ ಹಿಡಿಕೆ ಒತ್ತಿದರೆ ತಾನಾಗಿ ನೆಟ್ಟಗೆ ಬಿಗಿಯುವ ವ್ಯವಸ್ಥೆ ಅದು. ಪರೀಕ್ಷೆ ಸುಲಭ. ಬಿಗಿದಮೇಲೆ ಫೆನ್ಸಿನ ದೂರದ ತುದಿಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಕದಲಿದರೆ ಕೊಳ್ಳಬೇಡಿ. ಫೆನ್ಸಿನ ಹಿಂತುದಿ ಬ್ಲೇಡಿನ ಕಡೆಗೆ ಕೂದಲೆಳೆಯಷ್ಟು ವಾಲಿದರೂ ಮರ ಒದೆಯಲು ಅಷ್ಟು ಸಾಕು.

ಬ್ಲೇಡು ಮೇಜಿನ ಗಾಡಿಗೆ, ಅಂದರೆ ಹಾಸಿನ ಮೇಲೆ ತೋಡಿದ ಉದ್ದ ಕಾಲುವೆಗೆ, ಸಮಾನಾಂತರ ಇದೆಯೇ ಎಂದು ನೋಡಲು ಡಯಲ್ ಗೇಜ್ ಇಲ್ಲದಿದ್ದರೂ ಆಗುತ್ತದೆ. ಮೇನ್ ಆಫ್ ಮಾಡಿ ಬ್ಲೇಡಿನ ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ. ಗಾಡಿಯಲ್ಲಿ ಜಾರುವ ಒಂದು ಕಟ್ಟಿಗೆಗೆ ಸ್ಕ್ರೂ ಬಿಗಿದು, ಅದರ ತಲೆ ಆ ಹಲ್ಲಿಗೆ ಮುಟ್ಟುವಂತೆ ಮುಂದುಗಡೆ ನಿಲ್ಲಿಸಿ. ಈಗ ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂಬದಿಗೆ ತಂದು, ಕಟ್ಟಿಗೆಯನ್ನೂ ಜಾರಿಸಿ. ಸ್ಕ್ರೂಗೂ ಹಲ್ಲಿಗೂ ನಡುವೆ ಒಂದು ಝೆರಾಕ್ಸ್ ಹಾಳೆಯ ತುಂಡು ತೂರಿಸಿ ನೋಡಿ. ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಒಂದು ಹಾಳೆ ಸಡಿಲವಾಗಿ ಹೋದರೆ ಹಾಸು ತಟ್ಟಿ ಸರಿಮಾಡಬೇಕು. ಎರಡು ಹಾಳೆ ಹೋದರೆ ಮಾರುವವನೇ ಸರಿಮಾಡಿ ಕೊಡಲಿ. ಬೇರಿಂಗು, ಬೆಲ್ಟುಗಳ ನಡುಕ ನೋಡಲು ಹಳೆಯ ದಪ್ಪ ಐದು ರೂಪಾಯಿ ನಾಣ್ಯವನ್ನು ಹಾಸಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ ಮಿಷನ್ ಶುರುಮಾಡಬೇಕು. ಒಳ್ಳೆಯ ಮಿಷನ್ನಿನಲ್ಲಿ ಅದು ನಿಂತೇ ಇರುತ್ತದೆ.

ಕರೆಂಟಿನ ಮಾತು ಬೇರೆಯೇ. ಮೂರು ಎಚ್‌ಪಿಗಿಂತ ಮೇಲಿನದಕ್ಕೆ ತ್ರೀ-ಫೇಸ್ ಇದ್ದರೆ ಲೇಸು, ಮೋಟಾರು ನೆಮ್ಮದಿಯಿಂದ ಓಡುತ್ತದೆ. ಅಮೆರಿಕದ ಮಾದರಿಯನ್ನು ಯಾರಾದರೂ ತರಿಸಿಕೊಟ್ಟರೆ ಮೋಟಾರಿನ ಫಲಕ ಓದಿ. ಅಲ್ಲಿಯದು 60 ಹರ್ಟ್ಜ್, ನಮ್ಮದು 50. ಅದೇ ಮೋಟಾರು ಇಲ್ಲಿ ಆರರಲ್ಲಿ ಒಂದು ಪಾಲು ನಿಧಾನ ತಿರುಗುತ್ತದೆ, ಬಿಸಿಯೂ ಜಾಸ್ತಿ. ಇದಕ್ಕಿಂತ ದೊಡ್ಡ ಅಪಾಯ ಮಳೆಗಾಲದ್ದು. ಜುಲೈ ತಿಂಗಳಲ್ಲಿ ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಬರೀ ಸ್ವಿಚ್ ಇರುವ ಮಿಷನ್ನಿನಲ್ಲಿ ಕರೆಂಟು ಹೋದಾಗ ಆಫ್ ಮಾಡುವುದು ಮರೆತು ಬ್ಲೇಡಿನ ಪಕ್ಕದ ಚೂರು ತೆಗೆಯಲು ಕೈಹಾಕಿದರೆ, ಕರೆಂಟು ಬಂದ ಕೂಡಲೆ ಬ್ಲೇಡು ತಾನಾಗಿ ತಿರುಗುತ್ತದೆ. ಹಸಿರು-ಕೆಂಪು ಗುಂಡಿಯ ಸ್ಟಾರ್ಟರ್ ಇದ್ದರೆ ಕರೆಂಟು ಹೋದಾಗಲೇ ಒಳಗಿನ ಕಾಂಟ್ಯಾಕ್ಟರು ಬಿಟ್ಟುಕೊಳ್ಳುತ್ತದೆ. ಮತ್ತೆ ಹಸಿರು ಒತ್ತಿದರೆ ಮಾತ್ರ ಓಡುತ್ತದೆ. ಪಂಪ್‌ಸೆಟ್ಟಿಗೆ ಹಾಕುವ ಆಟೋ ಸ್ಟಾರ್ಟರನ್ನು ಅಪ್ಪಿತಪ್ಪಿಯೂ ಇಲ್ಲಿಗೆ ಹಾಕಿಸಬೇಡಿ.

ಮಳೆಗಾಲದಲ್ಲಿ ಬೀಡುಕಬ್ಬಿಣದ ಹಾಸಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹತ್ತುತ್ತದೆ. ಎಣ್ಣೆ ಹಚ್ಚಿದರೆ ಮರಕ್ಕೆ ಕಲೆ, ಆಮೇಲೆ ಪಾಲಿಶ್ ಹಿಡಿಯುವುದಿಲ್ಲ. ಮೇಣ ಉಜ್ಜಿ, ಕೆಲಸ ಮುಗಿದಮೇಲೆ ಒಣಬಟ್ಟೆ ಹೊದಿಸುವುದು ಸಾಕು. ಹೊಟ್ಟು ಎಳೆಯುವ ಕೊಳವೆಗೆ ಕ್ಯಾಬಿನೆಟ್ಟಿನಲ್ಲೇ ಬಾಯಿ ಇರುತ್ತದೆ, ಅದಕ್ಕೊಂದು ಡಸ್ಟ್ ಕಲೆಕ್ಟರ್ ಜೋಡಿಸಬೇಕು. ಮರದ ಧೂಳು ಕ್ಯಾನ್ಸರ್ ತರುವಂಥದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪಟ್ಟಿ ಮಾಡಿದೆ. ಬ್ಲೇಡಿನ ವಿಷಯ ಚಿಕ್ಕದು: ಉದ್ದ ಸೀಳಲು 24 ಹಲ್ಲಿನದು, ಅಡ್ಡ ಕೊಯ್ಯಲು 60ರಿಂದ 80 ಹಲ್ಲಿನದು. ಸಾಗುವಾನಿಯಲ್ಲಿ ಮರಳಿನ ಅಂಶ ಇರುವುದರಿಂದ ಕಾರ್ಬೈಡ್ ಹಲ್ಲಿನದೇ ಬೇಕು. ಎಂಬತ್ತು ಹಲ್ಲಿನ ಬ್ಲೇಡಿನಲ್ಲಿ ದಪ್ಪ ಸಾಗುವಾನಿ ಸೀಳಿ, ಮರ ಸುಟ್ಟಿತೆಂದು ಮಿಷನ್ನನ್ನು ಬೈಯುವುದು ನ್ಯಾಯವಲ್ಲ.

ಬೆರಳು ತಗುಲಿದ ತಕ್ಷಣ ನಿಲ್ಲುವ ಮಿಷನ್ನಿನ ವಿಡಿಯೊಗಳನ್ನು ನಮ್ಮ ಹುಡುಗರೂ ನೋಡಿದ್ದಾರೆ. ಸ್ಟೀವ್ ಗ್ಯಾಸ್ ಎಂಬ ಭೌತಶಾಸ್ತ್ರಜ್ಞ-ವಕೀಲ 1999ರಲ್ಲಿ ಕಂಡುಹಿಡಿದದ್ದು ಅದು. 2004ರಿಂದ ಸಾಸ್ಟಾಪ್ ಹೆಸರಲ್ಲಿ ಮಾರಾಟಕ್ಕೆ ಬಂತು. ವಿದ್ಯುತ್ತನ್ನು ಹರಿಯಗೊಡುವ ಮೈಯ ಗುಣವನ್ನು ಮಿಷನ್ನು ಬ್ಲೇಡಿನ ಮೂಲಕ ಗುರುತಿಸುತ್ತದೆ, ಸೆಕೆಂಡಿನ ಇನ್ನೂರರಲ್ಲಿ ಒಂದು ಭಾಗದೊಳಗೆ ಅಲ್ಯೂಮಿನಿಯಂ ತುಂಡೊಂದು ಹಲ್ಲಿಗೆ ಅಡ್ಡ ಬೀಳುತ್ತದೆ. ಬ್ಲೇಡೂ ಹೋಯಿತು, ಆ ತುಂಡೂ ಹೋಯಿತು, ಬೆರಳು ಉಳಿಯಿತು. ಹಸಿ ಮರಕ್ಕೂ ಅದು ಮೋಸಹೋಗಿ ನಿಲ್ಲುವುದುಂಟು. ಆಷಾಢದಲ್ಲಿ ಆಗತಾನೆ ಸೀಳಿ ತಂದ ಅಕೇಶಿಯಾಕ್ಕೆ ಅಂಥದ್ದನ್ನು ಒಡ್ಡಿದರೆ ದಿನಕ್ಕೊಂದು ಬ್ಲೇಡು ಬೇಕಾದೀತು. ಪ್ಲೈವುಡ್ಡಿನ ಕೆಲಸವೇ ಜಾಸ್ತಿ ಇರುವವರು ಕ್ಯಾಬಿನೆಟ್ ಸಾನ ಬದಲು ಜಾರುವ ಮೇಜಿನ ಪ್ಯಾನೆಲ್ ಸಾ ಕಡೆ ನೋಡುವುದು ವಾಸಿ. ಜರ್ಮನಿಯ ವಿಲ್ಹೆಲ್ಮ್ ಆಲ್ಟೆಂಡಾರ್ಫ್ 1906ರಲ್ಲಿ ರೂಪಿಸಿದ ಈ ಮಾದರಿಯಲ್ಲಿ ಎಂಟಡಿ ಹಾಳೆ ಮೇಜಿನ ಜೊತೆಗೇ ಜಾರುತ್ತದೆ, ಕೈ ಬ್ಲೇಡಿನಿಂದ ದೂರವೇ ಉಳಿಯುತ್ತದೆ. ಜಾಗ ಮಾತ್ರ ಧಾರಾಳ ಬೇಕು.

ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಂಡಿಯಾವುಡ್ ಮೇಳಕ್ಕೆ ಹೋಗಬಹುದು. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಯಂತ್ರದ ಮರಗೆಲಸ ಕಲಿಸುವ ತರಬೇತಿಯೂ ಇದೆ. ಹಣದ ವಿಷಯಕ್ಕೆ ಬಂದರೆ, 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯದೂ ಒಂದು. ಸಲಕರಣೆಗೆಂದು ಕೊಡುವ 15,000 ರೂಪಾಯಿಯಲ್ಲಿ ಒಂದೆರಡು ಒಳ್ಳೆಯ ಬ್ಲೇಡು, ಮೂಲೆಮಟ್ಟ, ಕನ್ನಡಕ ಬರುತ್ತವೆ. ಮಿಷನ್ನಿಗೆ ಅದರ ಸಾಲ ನೋಡಬೇಕು: ಮೊದಲ ಕಂತು 1 ಲಕ್ಷ, ಅದು ತೀರಿದಮೇಲೆ 2 ಲಕ್ಷ, ಬಡ್ಡಿ ಶೇ 5. ಮಿಷನ್ ಕೂರಿಸುವ ಮೊದಲು ಪರವಾನಗಿಯ ನಿಯಮವನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶ ಬಂದಮೇಲೆ ಮರ ಕೊಯ್ಯುವ ಯಂತ್ರಗಳ ಮೇಲೆ ಇಲಾಖೆಯ ಕಣ್ಣು ಬಿಗಿಯಾಗಿಯೇ ಇದೆ.

ದುಡ್ಡು ಸಾಲದೆ ಬಂದರೆ ಎಲ್ಲಿ ಕಡಿಮೆ ಮಾಡಬೇಕು? ಪಕ್ಕದ ವಿಸ್ತರಣೆ ಮೇಜು ಬಿಡಿ, ಅದನ್ನು ಅಂಗಡಿಯಲ್ಲೇ ಪ್ಲೈವುಡ್ಡಿನಿಂದ ಮಾಡಿಕೊಳ್ಳಬಹುದು. ಕೆಳಗಿನ ಗಾಲಿ ಬಿಡಿ. ಐದು ಎಚ್‌ಪಿಯ ಬದಲು ಮೂರು ಎಚ್‌ಪಿಯದು ತನ್ನಿ. ದಪ್ಪ ಮರವನ್ನು ನಿಧಾನವಾಗಿ ನೂಕಿದರೆ ಅದೂ ಕೊಯ್ಯುತ್ತದೆ. ಫೆನ್ಸು, ರೈವಿಂಗ್ ನೈಫು, ಸ್ಟಾರ್ಟರುಗಳ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಸೆಕೆಂಡ್ ಹ್ಯಾಂಡ್ ಮಿಷನ್ ತರುವವರಿಗೂ ಇದೇ ಮಾತು: ಬಣ್ಣ ಹೋಗಿದ್ದರೆ ಹೋಗಲಿ, ಬೆಲ್ಟು ಹಳತಾಗಿದ್ದರೆ ಹೊಸದು ಸಿಗುತ್ತದೆ, ಹಾಸು ಬಿರಿದಿದ್ದರೆ ಮಾತ್ರ ಮುಂಗಡ ಕೊಡದೆ ಬಸ್ಸು ಹತ್ತಿ.